ಬೆಲೆ ಕೇಳದ ಚಿಕ್ಕಪ್ಪ

ಇಡೀ ಮುಂಬಯಿಯಲ್ಲಿ ಬೆಲೆ ಏರಿಕೆ ತಟ್ಟದ ಮನೆ ಒಂದೇ ಒಂದಿತ್ತು. ಸಾಹುಕಾರರ ಮಲಬಾರ್ ಹಿಲ್‌ನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅದು ಇದ್ದದ್ದು ಆಂಟಾಪ್ ಹಿಲ್‌ನ ಸರಕಾರಿ ಕ್ವಾರ್ಟರ್ಸ್‌ನಲ್ಲಿ, ಮೂರನೆಯ ಮಹಡಿಯ ಮೇಲೆ. ಒಂದು ಕೋಣೆ, ಒಂದು ಅಡಿಗೆಮನೆ, ಬಟ್ಟೆ ಒಣಗಿಸಲು ಒಂದು ಗ್ಯಾಲರಿ. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಯಜಮಾನರು ನಮ್ಮ ಚಿಕ್ಕಪ್ಪ.

ಎಪ್ಪತ್ತರ ದಶಕದ ಆ ಮೊದಲ ವರ್ಷಗಳು ನಿಮಗೆ ನೆನಪಿರಬಹುದು. ಸಕ್ಕರೆಗೆ ಕ್ಯೂ, ಸೀಮೆಎಣ್ಣೆಗೆ ಕ್ಯೂ, ರವೆ ಬಂದಿದೆ ಎಂದು ಯಾರೋ ಸುಳ್ಳು ಹೇಳಿದರೆ ಅದಕ್ಕೂ ಒಂದು ಕ್ಯೂ! ಲೋಕಲ್ ಗಾಡಿಯಲ್ಲಿ ಇಬ್ಬರು ಸೇರಿದರೆ ಮೂರನೆಯ ಮಾತು ಎಣ್ಣೆಯ ರೇಟು. ಅಂಥ ಕಾಲದಲ್ಲಿ ನಮ್ಮ ಚಿಕ್ಕಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು, "ಪೇಪರ್‌ನೋರಿಗೆ ಬರೆಯೋಕೆ ಬೇರೆ ಸುದ್ದಿ ಇಲ್ಲ ಕಣೋ" ಎನ್ನುತ್ತಿದ್ದರು. ಬೆಲೆ ಏರಿಕೆ ಎನ್ನುವುದು ಬರೀ ವದಂತಿ ಎಂದು ಅವರ ತೀರ್ಮಾನ. ಬರೀ ಬಾಯಿಮಾತಲ್ಲ, ಅದಕ್ಕೆ ಅವರ ಹತ್ತಿರ ಪುರಾವೆಯೂ ಇತ್ತು!

ಪುರಾವೆ ಏನೆಂದರೆ, ಮದುವೆಯಾಗಿ ಸಂಸಾರ ಹೂಡಿದಂದಿನಿಂದ ಅವರು ಭಾನುವಾರದ ತರಕಾರಿಗೆ ಕೊಡುತ್ತಿದ್ದದ್ದು ಎರಡು ರೂಪಾಯಿ. ಅಂದೂ ಎರಡು, ಇಂದೂ ಎರಡು. ಇದು ಹೇಗೆ ಸಾಧ್ಯ ಎನ್ನುತ್ತೀರಾ? ಬಹಳ ಸುಲಭ. ಚಿಕ್ಕಪ್ಪ ಬೆಲೆಯನ್ನೇ ಕೇಳುತ್ತಿರಲಿಲ್ಲ. ಬೆಲೆ ಕೇಳುವುದು, ಮುಖ ಸಣ್ಣದು ಮಾಡಿಕೊಂಡು ಮುಂದಿನ ಗಾಡಿಗೆ ಹೋಗುವುದು, ಇವೆಲ್ಲ ಅವರ ಪ್ರಕಾರ ಮರ್ಯಾದಸ್ಥರ ಲಕ್ಷಣವಲ್ಲ. ಅವರು ಮಾರ್ಕೆಟ್ಟಿಗೆ ಹೋಗಿ, ಎರಡು ರೂಪಾಯಿಯ ನೋಟನ್ನು ಭಾಜಿವಾಲಿಯ ಕೈಗಿಟ್ಟು, "ದೋ ರುಪಯೇ ಕಾ ದೇ ದೋ ಬಾಯಿ, ಸಬ್ ಮಿಲಾಕೆ" ಎಂದು ಚೀಲದ ಬಾಯಿ ಅಗಲಿಸಿ ಹಿಡಿಯುವರು. ಆಕೆ ಹಾಕಿದಷ್ಟೇ ತರಕಾರಿ, ಅದನ್ನೇ ಇವರು ಮನೆಗೆ ತರುವುದು!

ಮೊದಮೊದಲು ಆ ಚೀಲ ಹೊರಲು ಎರಡು ಕೈ ಬೇಕಾಗುತ್ತಿತ್ತಂತೆ. ನಾನು ಮುಂಬಯಿಗೆ ಬರುವ ಹೊತ್ತಿಗೆ ಒಂದು ಕೈ ಸಾಕಾಗಿತ್ತು. ಆಮೇಲೆ ಎರಡು ಬೆರಳಿಗೆ ಬಂತು. ನಾನು ತಡೆಯಲಾರದೆ ಒಮ್ಮೆ, ಚೀಲ ಬಹಳ ಹಗುರವಾಗಿದೆಯಲ್ಲ ಎಂದು ಮೆಲ್ಲಗೆ ಮಾತೆತ್ತಿದೆ. ಚಿಕ್ಕಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ.

"ವಯಸ್ಸಾಗ್ತಾ ಆಗ್ತಾ ಭಾರ ಎತ್ತಬಾರದು ಕಣೋ. ಡಾಕ್ಟ್ರೂ ಅದನ್ನೇ ಹೇಳ್ತಾರೆ."

ಭಾಜಿವಾಲಿಯ ಸಹನೆಯೂ ಕಡೆಗೊಮ್ಮೆ ಮುಗಿಯಿತು. ಸಾಹೇಬರು ಇನ್ನೊಂದು ರೂಪಾಯಿ ಸೇರಿಸಿ ಕೊಡಬೇಕು, ಈ ಕಾಸಿಗೆ ಏನೂ ಬರುವುದಿಲ್ಲ ಎಂದು ಆಕೆ ಹಿಂದಿ ಮರಾಠಿ ಎರಡರಲ್ಲೂ ಬಿಡಿಸಿ ಹೇಳಿದಳು. ಚಿಕ್ಕಪ್ಪನಿಗೆ ಕರುಳು ಚುರ್ರೆಂದಿತು. "ಪಾಪ, ಎಷ್ಟು ಕಷ್ಟ ಇದ್ರೆ ಬಾಯಿಬಿಟ್ಟು ಕೇಳ್ತಾಳೆ ನೋಡು" ಎಂದು ನನಗೆ ಹೇಳಿ, ಚಹಾ ಕುಡಿಯಲೆಂದು ಅವಳಿಗೆ ಹತ್ತು ಪೈಸೆ ಕೊಟ್ಟು ಬಂದರು. ತರಕಾರಿ ಮಾತ್ರ ಎರಡು ರೂಪಾಯಿಯದೇ. ಆಕೆ ಆ ಹತ್ತು ಪೈಸೆಯನ್ನು ಅಂಗೈಯಲ್ಲಿ ಹಿಡಿದು ನಮ್ಮನ್ನು ನೋಡಿದ ನೋಟ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಮನೆಯಲ್ಲಿ 'ತುಟ್ಟಿ' ಎಂಬ ಶಬ್ದವನ್ನು ಯಾರೂ ಆಡುವಂತಿರಲಿಲ್ಲ. ಹಾಗಾದರೆ ಸರಕಾರ ಕೊಡುತ್ತಿದ್ದ ತುಟ್ಟಿಭತ್ಯೆ? ಅದನ್ನು ಬೇಡವೆನ್ನುವಷ್ಟು ಹುಚ್ಚು ಅವರಿಗಿರಲಿಲ್ಲ. ಭತ್ಯೆ ಹೆಚ್ಚಾದಾಗಲೆಲ್ಲ, ತಮ್ಮ ಕೆಲಸ ಮೇಲಿನವರಿಗೆ ಮೆಚ್ಚಿಗೆಯಾಗಿದೆ ಎಂದು ಹೇಳಿಕೊಳ್ಳುತ್ತಿದ್ದರು. ಆಫೀಸಿನ ಅಷ್ಟೂ ಗುಮಾಸ್ತರ ಕೆಲಸ ಅದೇ ದಿನ ಮೆಚ್ಚಿಗೆಯಾದದ್ದು ಹೇಗೆ ಎಂದು ಕೇಳುವ ಧೈರ್ಯ ಯಾರಿಗಿತ್ತು?

ರೇಷನ್ ಅಂಗಡಿಯ ಕ್ಯೂನಲ್ಲಿ ಅವರು ನಿಲ್ಲುವ ಠೀವಿಯನ್ನು ನೀವು ನೋಡಬೇಕಿತ್ತು! ಇಸ್ತ್ರಿ ಮಾಡಿದ ಬುಶ್‌ಶರ್ಟು, ಪಾಲಿಶ್ ಹಾಕಿದ ಬೂಟು, ಕೈಯಲ್ಲಿ ಸೀಮೆಎಣ್ಣೆಯ ಡಬ್ಬ. ಕ್ಯೂನಲ್ಲಿ ನಿಲ್ಲುವುದು ಬಡತನವಲ್ಲ, ಶಿಸ್ತು ಎಂದು ಅಕ್ಕಪಕ್ಕದವರಿಗೆ ಉಪದೇಶ ಬೇರೆ. ರೇಷನ್‌ನಲ್ಲಿ ಅಕ್ಕಿ ಕಡಿಮೆಯಾಗಿ ಅಮೆರಿಕದ ಕೆಂಪು ಜೋಳ ಬರತೊಡಗಿದಾಗ ಊರೆಲ್ಲ ಗೊಣಗಿತು; ಚಿಕ್ಕಪ್ಪ ಮಾತ್ರ, ಫಾರಿನ್ ಮಾಲು ಕೂತಲ್ಲಿಗೇ ಬಂದಿದೆ ಎಂದು ಅದನ್ನು ಬರಮಾಡಿಕೊಂಡರು. ಮೈಸೂರು ಸೀಮೆಯ ಚಿಕ್ಕಮ್ಮನಿಗೆ ರೊಟ್ಟಿ ತಟ್ಟಿ ಗೊತ್ತಿರಲಿಲ್ಲ. ಆದರೂ ತಟ್ಟಿದರು. ನನ್ನ ಬಿಜಾಪುರದ ಗೆಳೆಯ ಒಂದು ತುಂಡು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿ ಕೂತಿದ್ದ. ಚಿಕ್ಕಪ್ಪ, ರುಚಿ ಅಂದರೆ ಹೀಗೆ ಅನುಭವಿಸಬೇಕು ಎಂದು ನಮಗೆಲ್ಲ ಅವನನ್ನು ತೋರಿಸಿದರು. ಮೆಟ್ಟಿಲಿಳಿಯುವಾಗ ಅವನು ನನ್ನ ಕಿವಿಯಲ್ಲಿ, "ಇದನ್ನ ನಮ್ಮೂರಾಗ ಎತ್ತಿನ ಮುಂದ ಇಟ್ರ, ಅದು ನಮ್ಮ ಮಾರಿ ನೋಡ್ತೈತಿ" ಎಂದ.

ಈ ಗೆಳೆಯನ ವಿಷಯ ಹೇಳಬೇಕು, ಏಕೆಂದರೆ ಮುಂದಿನ ಅನಾಹುತಕ್ಕೆಲ್ಲ ಅವನೇ ಕಾರಣ. ನಾನಾಗ ಬೈಕುಲ್ಲಾದ ಒಂದು ಚಾಳಿನಲ್ಲಿ, ಅಂದರೆ ಅಲ್ಲಿನ ವಠಾರದಲ್ಲಿ, ಕಾಟ್ ಬೇಸಿಸ್ ಮೇಲೆ ಇದ್ದೆ. ಅಂದರೆ ಬಾಡಿಗೆ ಕೋಣೆಗಲ್ಲ, ಒಂದು ಮಂಚಕ್ಕೆ. ಮಂಚದ ಕೆಳಗೆ ಟ್ರಂಕು, ಮೇಲೆ ನಾನು. ಪಕ್ಕದ ಮಂಚ ಅವನದು. ಕಟ್ಟಡದ ಕಂತ್ರಾಟುದಾರನೊಬ್ಬನ ಹತ್ತಿರ ಸೂಪರ್‌ವೈಜರ್ ಆಗಿದ್ದ. ಇಬ್ಬರೂ ಉಣ್ಣುತ್ತಿದ್ದದ್ದು ಹತ್ತಿರದ ಖಾನಾವಳಿಯಲ್ಲಿ. ಮುಂಬಯಿಯ ಖಾನಾವಳಿಗಳದ್ದು ಒಂದು ಪದ್ಧತಿಯಿತ್ತು. ಭಾನುವಾರ ಮಧ್ಯಾಹ್ನ ಒಂದಿಷ್ಟು ಸಿಹಿ ಬಡಿಸಿ 'ಫೀಸ್ಟ್' ಎನ್ನುವುದು, ಸಂಜೆಗೆ ಬಾಗಿಲು ಹಾಕಿಕೊಂಡು ಹೋಗುವುದು. ಹೀಗಾಗಿ ಊರಿನ ಬ್ರಹ್ಮಚಾರಿಗಳಿಗೆಲ್ಲ ಭಾನುವಾರ ಸಂಜೆ ಎಂದರೆ ಅಘೋಷಿತ ಏಕಾದಶಿ!

ಆ ಏಕಾದಶಿ ಮುರಿಯುವ ಮನೆ ಚಿಕ್ಕಪ್ಪನದು. ಖಾನಾವಳಿಯಲ್ಲಿ ಉಣ್ಣುವ ಯಾವ ಕನ್ನಡದ ಹುಡುಗನಾದರೂ ಭಾನುವಾರ ಸಂಜೆ ಏಳಕ್ಕೆ ಅಲ್ಲಿಗೆ ಬಂದು ಕೂರಬಹುದು. ಹೇಳಿಕಳಿಸಬೇಕಾಗಿಲ್ಲ, ಪರಿಚಯ ಬೇಕಾಗಿಲ್ಲ. ನಾವು ನಾಲ್ಕೈದು ಜನ ಖಾಯಂ ಗಿರಾಕಿಗಳು. ಚಿಕ್ಕಪ್ಪ ನಮ್ಮ ಜೊತೆಯಲ್ಲೇ ಪಂಕ್ತಿಗೆ ಕೂರುತ್ತಿದ್ದರು, ಚಿಕ್ಕಮ್ಮ ಬಡಿಸುತ್ತಿದ್ದರು.

ಆದರೆ ಎರಡು ರೂಪಾಯಿಯ ತರಕಾರಿ ಎಷ್ಟು ದಿನ ಇಷ್ಟು ಜನರಿಗೆ ಸಾಲೀತು? ಹುಳಿಯಲ್ಲಿ ಬದನೆಕಾಯಿಯನ್ನು ಹುಡುಕಬೇಕಾಯಿತು. ಆಮೇಲೆ ಬೇಳೆಯನ್ನೂ ಹುಡುಕಬೇಕಾಯಿತು. ಚಿಕ್ಕಮ್ಮ ಹಪ್ಪಳವನ್ನು ಎರಡಾಗಿ ಮುರಿದು ಕರಿದು, ಹಾಗೆ ಮಾಡಿದರೆ ಎಣ್ಣೆ ಕುಡಿಯುವುದಿಲ್ಲ ಎಂದು ಕಾರಣ ಕೊಡತೊಡಗಿದರು. ಗೌರಿ ಹಬ್ಬದ ಒಬ್ಬಟ್ಟಿನ ಒಳಗಿಂದ ತಟ್ಟೆ ಕಾಣುತ್ತಿತ್ತು. ಚಿಕ್ಕಪ್ಪ ಮಾತ್ರ, ಕೈ ಪಳಗಿದಷ್ಟೂ ಒಬ್ಬಟ್ಟು ತೆಳುವಾಗುತ್ತದೆ ಎಂದು ಹೆಂಡತಿಯನ್ನು ಹೊಗಳುತ್ತಿದ್ದರು.

ಆಗ ನನ್ನ ಗೆಳೆಯ ಒಂದು ಉಪಾಯ ಹೂಡಿದ. ಮಾಟುಂಗಾ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಎದುರಿನ ಹೋಟೆಲಿಗೆ ನುಗ್ಗಿ ಇಡ್ಲಿಯನ್ನೋ ವಡೆಯನ್ನೋ ತಿಂದು, ಅಲ್ಲಿಂದ ನಡೆದು ಚಿಕ್ಕಪ್ಪನ ಮನೆಗೆ ಹೋಗುವುದು. ಅಲ್ಲಿ ಶಾಸ್ತ್ರಕ್ಕೆ ಒಂದು ತುತ್ತು ಉಂಡು ಕೈ ತೊಳೆಯುವುದು. ಪುಕ್ಕಟೆ ಊಟಕ್ಕೆ ಹೋಗಲು ಕಾಸು ಕೊಟ್ಟು ಹೊಟ್ಟೆ ತುಂಬಿಸಿಕೊಂಡ ಜನರನ್ನು ನೀವು ಕಂಡಿದ್ದೀರಾ? ನಾವೇ ಅವರು! ಚಿಕ್ಕಪ್ಪನಿಗೆ ನಾವು ಉಳಿಸಿಕೊಟ್ಟ ಅನ್ನಕ್ಕಿಂತ ಹೋಟೆಲಿನವನಿಗೆ ಸುರಿದ ದುಡ್ಡೇ ಹೆಚ್ಚು. ಆದರೂ ಏನೋ ಪುಣ್ಯದ ಕೆಲಸ ಮಾಡಿದ ಹೆಮ್ಮೆ ನಮಗೆ.

ಪುಣ್ಯ ಉಲ್ಟಾ ಹೊಡೆಯಲು ಹೆಚ್ಚು ದಿನ ಬೇಕಾಗಲಿಲ್ಲ. ಅನ್ನ ಮಿಗತೊಡಗಿತು. ತಮ್ಮ ಅಡಿಗೆ ಕೆಟ್ಟಿದೆ ಎಂದು ಚಿಕ್ಕಮ್ಮ ಕಣ್ಣೀರಿಟ್ಟರಂತೆ. ಹುಳಿಪುಡಿಯನ್ನು ಚೆಲ್ಲಿ ಹೊಸದಾಗಿ ಕುಟ್ಟಿದರು, ಒಗ್ಗರಣೆಗೆ ತುಪ್ಪ ಸುರಿದರು. ಖರ್ಚು ಇನ್ನಷ್ಟು ಏರಿತು! ಚಿಕ್ಕಪ್ಪ ಕೆಲವು ವಾರ ಸುಮ್ಮನೆ ನೋಡಿದರು. ಒಂದು ಭಾನುವಾರ ಗೆಳೆಯ, "ನನಗ ಸಾಕ್ರಿ ಕಾಕಾರ" ಎಂದು ತಟ್ಟೆಗೆ ಕೈ ಅಡ್ಡ ಹಿಡಿದದ್ದೇ ತಡ, ಅವರ ಮುಖ ಕೆಂಪಾಯಿತು.

"ಏನ್ರಯ್ಯಾ, ನಾನು ಬಡವ ಆಗ್ಬಿಟ್ಟೆ ಅಂತ ತಿಳ್ಕೊಂಡಿದ್ದೀರಾ? ಎರಡನೇ ಸಲ ಬಡಿಸ್ಕೊಳ್ಳದೇ ಇರೋರು ಮುಂದಿನ ವಾರದಿಂದ ಈ ಮನೆ ಮೆಟ್ಟಿಲು ಹತ್ತಬೇಡಿ."

ನಾವೆಲ್ಲ ಬೆಚ್ಚಿ ಎರಡನೇ ಸಲ ಬಡಿಸಿಕೊಂಡೆವು. ಒಳಗೆ ಇಡ್ಲಿ, ಮೇಲೆ ಅನ್ನ! ಅಂದು ಹಿಂತಿರುಗುವಾಗ ಮಾಟುಂಗಾದವರೆಗೆ ಎಲ್ಲರೂ ಸೊಂಟದ ಪಟ್ಟಿ ಸಡಿಲಿಸಿಕೊಂಡೇ ನಡೆದೆವು. ಆದರೂ ಹೋಟೆಲನ್ನು ಬಿಟ್ಟೆವೇ? ಇಲ್ಲ. ಇಡ್ಲಿಯ ಲೆಕ್ಕ ತಗ್ಗಿಸಿದೆವು, ಅಷ್ಟೇ. ಎರಡನೇ ಸಲದ ಶಿಕ್ಷೆಯನ್ನು ವಾರವಾರವೂ ಅನುಭವಿಸಿದೆವು.

ಹೀಗಿರುವಾಗ ಒಂದು ಭಾನುವಾರ ಗೆಳೆಯನಿಗೆ ಬಾಂದ್ರಾದ ಸೈಟಿನಲ್ಲಿ ಕೆಲಸ ಬಿತ್ತು. ನೇರವಾಗಿ ಚಿಕ್ಕಪ್ಪನ ಮನೆಗೇ ಬರುತ್ತೇನೆ ಎಂದಿದ್ದ. ಉಳಿದ ಹುಡುಗರು ಮುಂಚಿನ ಗಾಡಿಗೇ ಹೋಗಿದ್ದರು; ನಾನೊಬ್ಬನೇ ಮಾಟುಂಗಾದಲ್ಲಿ ಇಳಿದೆ. ಮಾಮೂಲಿ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಂಗ್ಸ್ ಸರ್ಕಲ್ ಕಡೆಗೆ ಸ್ವಲ್ಪ ನಡೆದು ಇನ್ನೊಂದು ಹೋಟೆಲಿಗೆ ಹೋಗಿ, ಫ್ಯಾಮಿಲಿ ರೂಮಿನ ಪರದೆಗೆ ಒತ್ತಿಕೊಂಡಿದ್ದ ಮೇಜಿಗೆ ಕೂತೆ. ಪರದೆಯ ಆಚೆಯಿಂದ ಮಾಣಿಯ ಜೊತೆ ಯಾರೋ ಮಾತಾಡುತ್ತಿದ್ದರು.

"ಪ್ಲೇಟ್ ಇಡ್ಲಿಗೆ ಎಷ್ಟಪ್ಪಾ?"

ಮಾಣಿ ಬೆಲೆ ಹೇಳಿದ. ಆ ಕಡೆ ಕಿಸೆಯ ಚಿಲ್ಲರೆ ಎಣಿಸುವ ಸದ್ದು. "ಹಾಗಾದ್ರೆ ಒಂದೇ ಇಡ್ಲಿ ತಂದ್ಕೊಡು. ಸಾಂಬಾರು ಮಾತ್ರ ಜಾಸ್ತಿ ಇರ್ಲಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಪರದೆ ಸರಿಸಿ ನೋಡಿದರೆ ಸಂಸಾರಸ್ಥರು ಕೂರುವ ಆ ಗೂಡಿನಲ್ಲಿ, ಇಸ್ತ್ರಿ ಮಾಡಿದ ಬುಶ್‌ಶರ್ಟಿನಲ್ಲಿ, ಒಬ್ಬರೇ ಕೂತಿದ್ದಾರೆ ನಮ್ಮ ಚಿಕ್ಕಪ್ಪ! ಹೋಟೆಲಿನ ತಿಂಡಿ ಮನೆಹಾಳು ಎಂದು ನಮಗೆ ಬುದ್ಧಿ ಹೇಳುತ್ತಿದ್ದವರು. ಭಾನುವಾರ ಸಂಜೆ ಊಟಕ್ಕೆ ಮುಂಚೆ ವಾಕಿಂಗ್ ಹೋಗದಿದ್ದರೆ ಮೈಗೆ ಹಿಡಿಸುವುದಿಲ್ಲ ಎನ್ನುತ್ತಿದ್ದವರು.

ನನ್ನನ್ನು ಕಂಡು ಅವರು ಗಾಬರಿಯಾಗಲಿಲ್ಲ. ಎದುರಿನ ಬೆಂಚು ತೋರಿಸಿದರು. ನಾನು ಕೂತೆ. ನಾನು ಅಲ್ಲಿಗೇಕೆ ಬಂದೆ ಎಂದು ಅವರು ಕೇಳಲಿಲ್ಲ, ಬಹುಶಃ ಗೊತ್ತಿತ್ತು.

"ಚಿಕ್ಕಮ್ಮಂಗೆ ಹೇಳ್ಬೇಡ" ಎಂದರು. "ನೀವೆಲ್ಲ ಎರಡೆರಡು ಸಲ ಬಡಿಸ್ಕೊಂಡ್ರೆ ಕೊನೇಲಿ ಅವಳಿಗೆ ಉಳಿಯೋದಿಲ್ಲ ಕಣೋ. ನಾನು ಸ್ವಲ್ಪ ಇಲ್ಲೇ ಮುಗಿಸ್ಕೊಂಡು ಹೋದ್ರೆ ಎಲ್ಲಾ ಸರಿಹೋಗತ್ತೆ."

ಇಷ್ಟೆಲ್ಲ ಕಷ್ಟ ಯಾಕೆ, ಕಾಲ ಸುಧಾರಿಸುವವರೆಗೆ ಭಾನುವಾರದ ಊಟವನ್ನು ನಿಲ್ಲಿಸಬಹುದಲ್ಲ, ನಾವು ಯಾರೂ ತಪ್ಪು ತಿಳಿಯುವುದಿಲ್ಲ ಎಂದೆ. ಅವರು ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸುತ್ತ ಹಳೆಯ ಕಥೆ ಹೇಳಿದರು. ಈ ಊರಿಗೆ ಬಂದ ಹೊಸದರಲ್ಲಿ ಅವರೂ ಖಾನಾವಳಿಯಲ್ಲೇ ಉಣ್ಣುತ್ತಿದ್ದರಂತೆ. ಭಾನುವಾರ ಸಂಜೆ ಅದು ಮುಚ್ಚಿದಾಗ, ಹೋಟೆಲಿಗೆ ಕಾಸಿಲ್ಲದೆ, ಮಾಟುಂಗಾದ ಗಲ್ಲಿಗಳಲ್ಲಿ ಸುತ್ತುತ್ತಿದ್ದರಂತೆ. ಕಿಟಕಿಗಳಿಂದ ಕನ್ನಡ ಕೇಳುತ್ತಿತ್ತು, ಒಗ್ಗರಣೆಯ ವಾಸನೆ ಬರುತ್ತಿತ್ತು. ಯಾರಾದರೂ ಗುರುತು ಹಿಡಿದು ಒಳಗೆ ಕರೆದಾರು ಎಂದು ನಿಧಾನವಾಗಿ ನಡೆಯುತ್ತಿದ್ದರಂತೆ. ಯಾರೂ ಕರೆಯಲಿಲ್ಲ. ಸ್ಟೇಷನ್ನಿನ ನಲ್ಲಿಯಲ್ಲಿ ನೀರು ಕುಡಿದು ಕೋಣೆಗೆ ಹೋಗಿ ಮಲಗುವುದು. ಈ ಊರಿನಲ್ಲಿ ನನ್ನದು ಅಂತ ಒಂದು ಬಾಗಿಲಾದರೆ ಭಾನುವಾರ ಅದನ್ನು ತೆರೆದಿಡುತ್ತೇನೆ ಎಂದು ಆಗ ಅಂದುಕೊಂಡದ್ದಂತೆ.

"ಬೆಲೆ ಏರಿದೆ ಅಂತ ನನಗೆ ಗೊತ್ತಿಲ್ವೇನೋ?" ಎಂದರು. "ಒಪ್ಕೊಂಡ್ಬಿಟ್ರೆ, ಮನೇಲಿ ಮೊದ್ಲು ನಿಲ್ಲೋದು ಭಾನುವಾರದ ಊಟ. ಅದಕ್ಕೇ ಒಪ್ಕೊಂಡಿಲ್ಲ."

ಇಷ್ಟು ವರ್ಷ ಯಾರ ಹುಚ್ಚನ್ನು ನೋಡಿ ನಕ್ಕಿದ್ದೆವೋ ಅವರ ಎದುರು ನಾನು ಕೂತಿದ್ದೆ. ಮಾಣಿ ಬಂದು ನನಗೇನು ಬೇಕೆಂದು ಕೇಳಿದ. ಏನೂ ಬೇಡ, ಊಟಕ್ಕೆ ಮನೆಗೆ ಹೋಗುತ್ತಿದ್ದೇವೆ ಎಂದೆ.

ಆ ಸಂಜೆ ನಾನು ಖಾಲಿ ಹೊಟ್ಟೆಯಲ್ಲಿ ಆ ಮನೆಯ ಪಂಕ್ತಿಗೆ ಕೂತೆ. ಬಾಂದ್ರಾದಿಂದ ಓಡಿ ಬಂದ ಗೆಳೆಯನೂ ಏನೂ ತಿಂದಿರಲಿಲ್ಲ. ನಾಚಿಕೆ ಬಿಟ್ಟು ಉಂಡೆವು. ಚಿಕ್ಕಮ್ಮ ಬಡಿಸಲು ಬಂದಾಗ ಒಂದು ಸಲವೂ ಕೈ ಅಡ್ಡ ಹಿಡಿಯಲಿಲ್ಲ. ಹುಳಿ ಕೇಳಿ ಹಾಕಿಸಿಕೊಂಡೆವು, ಸಾರು ಕೇಳಿ ಹಾಕಿಸಿಕೊಂಡೆವು. ಚಿಕ್ಕಪ್ಪ ತಮ್ಮ ತಟ್ಟೆಯಲ್ಲಿ ಒಂದು ಹಿಡಿ ಅನ್ನ ಕಲಸುತ್ತ ನಮ್ಮನ್ನೇ ನೋಡುತ್ತಿದ್ದರು. ಚಿಕ್ಕಮ್ಮ ತಮ್ಮ ಪಾಲು ತೆಗೆದಿಟ್ಟು, ಬರಿದಾದ ಅನ್ನದ ಪಾತ್ರೆಯನ್ನು ವಾಲಿಸಿ ಗಂಡನಿಗೆ ತೋರಿಸಿದರು. ಎಷ್ಟೋ ದಿನಗಳ ನಂತರ ಅವರ ಮುಖದಲ್ಲಿ ನಗು ಕಂಡೆ. ಚಿಕ್ಕಪ್ಪನೂ ನಕ್ಕರು. ಮುಂಬಯಿಯಲ್ಲಿ ನನಗೂ ಒಂದು ಮನೆಯಾಗಲಿ, ಅಲ್ಲಿಗೆ ಯಾರಾದರೂ ಹಸಿದುಕೊಂಡು ಬರಲಿ ಎಂದು ನಾನು ಆಸೆಪಟ್ಟದ್ದು ಆ ಸಂಜೆಯೇ ಮೊದಲು.