ಹಾಲು ಕರೆಯುವ ಹೊತ್ತಿನ ಹುಲಿ

ಷಡ್ಡಕನಿಗೆ ಹುಲಿ ಕಂಡಿದೆ ಎಂಬ ಒಂದೇ ಕಾರಣಕ್ಕೆ ಸುಬ್ರಮಣಿಗೆ ಎರಡು ವರ್ಷದಿಂದ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಷಡ್ಡಕ ಎಂದರೆ ಹೆಂಡತಿ ಸುಕನ್ಯಳ ತಂಗಿಯ ಗಂಡ ಶ್ರೀಧರ್. ಮಾಲೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡಿರುವ ಈ ಮಹಾನುಭಾವ ಬಂಡೀಪುರದ ಕಾಡಿಗೆ ಹೋಗಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಊಟಿಗೆ ಹೋಗುವ ದಾರಿಯಲ್ಲಿ ಸಿಕ್ಕಿತಲ್ಲ ಎಂದು. ಅಷ್ಟಕ್ಕೇ ಹುಲಿ ಎದುರಿಗೆ ಬಂದು ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುಖ ತಿರುಗಿಸಿ, ಫೋಟೊ ತೆಗೆಸಿಕೊಂಡು ಹೋಗಿತ್ತು. ಅಂದಿನಿಂದ ಶ್ರೀಧರನ ವಾಟ್ಸಾಪಿನಲ್ಲಿ ಹೆಂಡತಿಯ ಫೋಟೊ ಹೋಗಿ ಹುಲಿಯ ಫೋಟೊ ಬಂದು ಕೂತಿತ್ತು. (ಬದಲಾಗಿದ್ದು ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ ಎಂಬುದು ಸುಬ್ರಮಣಿಯ ವಾದ. ಈ ವಾದವನ್ನು ಅವನು ಸುಕನ್ಯಳ ಮುಂದೆ ಇನ್ನೂ ಮಂಡಿಸಿಲ್ಲ.)

ಮದುವೆಯಿರಲಿ, ನಾಮಕರಣವಿರಲಿ, ತಿಥಿಯೂಟವೇ ಇರಲಿ, ಎಲೆಯ ಮುಂದೆ ಕೂತ ಕೂಡಲೇ ಶ್ರೀಧರ್ ಗಂಟಲು ಸರಿಮಾಡಿಕೊಳ್ಳುವನು. "ಅಣ್ಣಾ, ಹುಲಿ ಅಂದ್ರೆ ಟೀವಿಲಿ ನೋಡ್ದಂಗಲ್ಲ" ಎಂದು ಶುರುವಾದರೆ, ಪಾಯಸ ಬಡಿಸುವ ಹೊತ್ತಿಗೆ ಹುಲಿ ರಸ್ತೆ ದಾಟುತ್ತಿರುತ್ತಿತ್ತು. ಮಜ್ಜಿಗೆ ಬಂದರೂ ಅದು ಆಚೆ ದಡ ಸೇರಿರುತ್ತಿರಲಿಲ್ಲ. ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಂತೂ ಅಷ್ಟೂ ಬೀಗರ ಮುಂದೆ, "ಪಾಪ, ನಮ್ಮಣ್ಣ ಎಲ್ಲಿ ನೋಡ್ಬೇಕು ಹುಲೀನ, ಹಸು ಕಟ್ಕೊಂಡು ಕೂತವ್ರೆ" ಎಂದುಬಿಟ್ಟ. ಸುಬ್ರಮಣಿ ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದ. ತುಪ್ಪ ಹಾಕಿಸಿಕೊಂಡಿದ್ದ ಹೋಳಿಗೆ ಬಿಟ್ಟು ಏಳುವವನಲ್ಲ ಅವನು.

ಮನೆಗೆ ಬಂದವನೇ ಘೋಷಿಸಿದ. "ಲೇ ಸುಕನ್ಯ, ರೆಡಿಯಾಗು. ಬನ್ನೇರುಘಟ್ಟ, ಬಂಡೀಪುರ, ನಾಗರಹೊಳೆ. ಮೂರು ಕಾಡು, ಒಂದೇ ಟ್ರಿಪ್ಪು, ನಮ್ ಓಮ್ನೀಲಿ. ಉಲಿ ನೋಡ್ದೆ ವಾಪಸ್ ಬರಾದೇ ಇಲ್ಲ."

ಸುಕನ್ಯ ಹಿಂಡಿ ಕಲಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಗೌರೀನ ಯಾರು ಕರೀತಾರೆ? ಉಲಿನಾ?"

ಇಲ್ಲಿ ಗೌರಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಬಂಗಾರಪೇಟೆ ಪಕ್ಕದ ಆ ಹಳ್ಳಿಯಲ್ಲಿ ಸುಬ್ರಮಣಿಯ ಸಂಸಾರ ನಡೆಯುತ್ತಿದ್ದುದೇ ಗೌರಿ ಎಂಬ ಸೀಮೆಹಸುವಿನ ಕೃಪಾಕಟಾಕ್ಷದಿಂದ. ಬೆಳಿಗ್ಗೆ ಅವಳು ಕೊಟ್ಟ ಹಾಲಲ್ಲಿ ಒಂದಷ್ಟು ಡೇರಿಗೆ, ಒಂದಷ್ಟು ಓಮ್ನಿಯಲ್ಲಿ ಆಂಡರ್ಸನ್‌ಪೇಟೆಯ ಟೀ ಅಂಗಡಿಗಳಿಗೆ. ಆದರೆ ಮಹಾರಾಣಿಯ ಕೆಚ್ಚಲಿಗೆ ಕೈ ಹಾಕುವ ಅಧಿಕಾರ ಈ ಭೂಮಂಡಲದಲ್ಲಿ ಸುಕನ್ಯಳೊಬ್ಬಳಿಗೇ. ಒಮ್ಮೆ ಸುಬ್ರಮಣಿ ಪ್ರಯತ್ನಿಸಿದ್ದ. ಅವನ ಮುಂದಿನ ಹಲ್ಲಿನ ಮೂಲೆ ಹೋಗಿರುವುದು ಅದರ ಸ್ಮಾರಕ. ಹೀಗಾಗಿ ಗಂಡಹೆಂಡಿರು ಜೊತೆಯಾಗಿ ಹೊರಗೆ ಒಂದು ರಾತ್ರಿ ಕಳೆದದ್ದೇ ಇಲ್ಲ. ಹನಿಮೂನ್ ಎಂದು ಹೋಗಿದ್ದು ಕಮ್ಮಸಂದ್ರದ ಕೋಟಿಲಿಂಗಕ್ಕೆ. ಕೋಟಿಯಲ್ಲಿ ಕಾಲು ಭಾಗ ಲಿಂಗ ನೋಡುವಷ್ಟರಲ್ಲಿ ಸಂಜೆ ಕರೆಯುವ ಹೊತ್ತಾಗಿ ಓಡಿಬಂದಿದ್ದರು. (ಆಗ ಕೊಟ್ಟಿಗೆಯಲ್ಲಿ ಇದ್ದವಳು ಗೌರಿಯ ತಾಯಿ. ಅವಳದೂ ಇದೇ ಜಾತಕ.)

ಇದಕ್ಕೆ ಆ ಕಡೆ ಒಂದು ಹಳೆಯ ಉಪಾಯ ಉಂಟು. ಕರೆಯುವ ಹೆಂಗಸು ಊರಿಗೆ ಹೋದರೆ, ಅವಳ ಮೈಮೇಲಿನ ಬಟ್ಟೆಯನ್ನೇ ಹಾಕಿಕೊಂಡು ಇನ್ನೊಬ್ಬರು ಕೂರುವುದು. ಹಸು ವಾಸನೆ ನೋಡಿ ನಂಬಿ ಹಾಲಿಳಿಸುತ್ತದೆ. ಸುಬ್ರಮಣಿಯ ತಾಯಿ ಮುನಿನಾರಾಯಣಮ್ಮನಿಗೆ ಮಂಡಿ ನೋವು, ಕೂರಲಾರರು. ಆದ್ದರಿಂದ ಈ ಗುರುತರ ಹೊಣೆ ಸುಕನ್ಯಳ ತಮ್ಮ ವೆಂಕಿಯ ಹೆಗಲೇರಿತು. ಹೆಗಲಿಗೆ ಏರಿದ್ದು ಹೊಣೆ ಮಾತ್ರವಲ್ಲ, ಸುಕನ್ಯಳ ಗುಲಾಬಿ ಹೂವಿನ ನೈಟಿಯೂ. ಒಗೆದರೆ ವಾಸನೆ ಹೋಗುತ್ತದೆಂದು ನೈಟಿಯನ್ನು ಮೂರು ದಿನ ಒಗೆದಿರಲಿಲ್ಲ.

"ಬಾವಾ, ನಂಗೆ ಎಣ್ಣು ನೋಡ್ತಾವ್ರೆ" ಎಂದು ದಪ್ಪ ಮೀಸೆಯ ವೆಂಕಿ ಅಳುವ ದನಿ ತೆಗೆದ. "ಇಂಗೆ ಯಾರಾದ್ರೂ ನೋಡುದ್ರೆ ಯಾವ ಮಾವ ಕೊಡ್ತಾನೆ?"

"ಕೊಟ್ಟಿಗೆ ಬಾಗ್ಲು ಆಕ್ಕೊಂಡು ಕರಿಯಲಾ" ಎಂದ ಸುಬ್ರಮಣಿ.

ಹೊರಡುವ ಹಿಂದಿನ ದಿನ ಒಂದು ಪರೀಕ್ಷೆ ನಡೆಯಿತು. ಗೌರಿ ನೈಟಿಯ ವಾಸನೆ ನೋಡಿದಳು, ಒಪ್ಪಿದಳು. ಮೀಸೆ ನೋಡಿದಳು, ಒಪ್ಪಲಿಲ್ಲ. ಅರ್ಧ ಹಾಲು ಕೊಟ್ಟು ಉಳಿದದ್ದನ್ನು ತಡೆಹಿಡಿದಳು. ಕೊನೆಗೆ ಸುಕನ್ಯಳೇ ದಾರಿ ಕಂಡುಹಿಡಿದಳು. ಕರೆಯುವ ಹೊತ್ತಿಗೆ ವೆಂಕಿ ವಿಡಿಯೊ ಕಾಲ್ ಮಾಡುವುದು, ಅತ್ತೆ ಫೋನನ್ನು ಗೌರಿಯ ಮುಖದ ಮುಂದೆ ಹಿಡಿಯುವುದು, ಸುಕನ್ಯ ಇದ್ದ ಜಾಗದಿಂದಲೇ ಮುಖ ತೋರಿಸಿ ಮಾತಾಡಿಸುವುದು. ಮೂಗಿಗೆ ನೈಟಿ, ಕಣ್ಣಿಗೆ ಫೋನು, ಕೆಚ್ಚಲಿಗೆ ವೆಂಕಿ ಎಂದು ಒಪ್ಪಂದವಾಯಿತು.

ಸುಬ್ರಮಣಿ ಹೊರಡುವ ದಿನ ಬೆಳಿಗ್ಗೆಯೇ ಆಂಡರ್ಸನ್‌ಪೇಟೆಯಲ್ಲಿ ಡಂಗುರ ಸಾರಿ ಬಂದ. ಟೀ ಅಂಗಡಿಯ ಸೆಲ್ವರಾಜ್ ಹಾಲು ಅಳೆದುಕೊಳ್ಳುತ್ತಾ, "ಅಣ್ಣೇ, ಪುಲಿ ಫೋಟೊ ಕಳ್ಸಿ. ಫ್ರೇಮ್ ಆಕ್ಸಿ ಗಲ್ಲಾ ಮೇಲೆ ನೇತಾಕ್ತೀನಿ" ಎಂದು ಮಾತು ಕೊಟ್ಟ. ಇನ್ನು ಹುಲಿ ಕಾಣದೆ ಬಂದರೆ ಮುಖ ತೋರಿಸುವ ಹಾಗಿರಲಿಲ್ಲ.

ಬನ್ನೇರುಘಟ್ಟದಲ್ಲಿ ಬೇಲಿಯೊಳಗೆ ಓಡಾಡುವ ಬಸ್ಸು ಹತ್ತಿ ಐದು ನಿಮಿಷವಾಗಿರಲಿಲ್ಲ, ಮೂರು ಹುಲಿ ಮರದಡಿ ಕಾಲು ಚಾಚಿ ಮಲಗಿದ್ದವು. ಸುಕನ್ಯ ಸೆರಗು ಸರಿಮಾಡಿಕೊಂಡು ಎದ್ದಳು. "ಕಂಡ್ತಲ್ಲ ಉಲಿ, ಒಂದಲ್ಲ ಮೂರು. ನಡೀರಿ ಮನೆಗೆ."

"ಇವು ಸಾಕಿದ್ದು ಕಣೇ. ಲೆಕ್ಕಕ್ಕಿಲ್ಲ."

"ಸಾಕಿದ್ರೇನು, ಉಲಿ ಅಲ್ವಾ? ಗೌರೀನೂ ಸಾಕಿದ್ದೇ, ಅಸ ಅಲ್ವಾ?"

ವಾದದಲ್ಲಿ ಸೋತ ಗಂಡಸರು ಮಾಡುವಂತೆ ಸುಬ್ರಮಣಿ ಬಸ್ಸಿಳಿದು ಹೋಗಿ ಓಮ್ನಿಯ ಬಾಗಿಲನ್ನು ಜೋರಾಗಿ ಹಾಕಿದ. ಅಂದು ಸಂಜೆಯ ವಿಡಿಯೊ ಕಾಲ್ ಮದ್ದೂರಿನಲ್ಲಿ, ಒಂದು ಹೋಟೆಲಿನ ಮುಂದೆ ಸಾಂಗವಾಗಿ ನೆರವೇರಿತು. "ಬಾರೇ ನನ್ನವ್ವ, ಬಿಡೇ ನನ್ನ ಚಿನ್ನ" ಎಂದು ಸುಕನ್ಯ ಫೋನಿಗೆ ಮುದ್ದುಗರೆಯುವುದನ್ನು ಕಂಡು, ವಡೆ ತಿನ್ನುತ್ತಿದ್ದ ಮುದುಕಿಯೊಬ್ಬಳು ಕಣ್ಣು ತುಂಬಿಕೊಂಡು, "ಎಷ್ಟು ತಿಂಗಳ ಕೂಸವ್ವಾ?" ಎಂದು ಕೇಳಿದಳು. "ಎರಡನೇ ಸೂಲು" ಎಂದಳು ಸುಕನ್ಯ. ಮುದುಕಿ ವಡೆ ಬಿಟ್ಟು ಎದ್ದುಹೋದಳು.

ಮಾರನೆಯ ದಿನ ಬಂಡೀಪುರದಲ್ಲಿ ಬೆಳಗಿನ ಸಫಾರಿಗೆ ಜಾಗವಿರಲಿಲ್ಲ. ಸಿಕ್ಕಿದ್ದು ಸಂಜೆಯದು. "ಕರಿಯೋ ಒತ್ತಲ್ವೇನ್ರೀ?" ಎಂದು ಸುಕನ್ಯ ಗಾಬರಿಯಾದಳು. "ಅಷ್ಟೊತ್ಗೆ ಮುಗ್ದೋಗ್ತದೆ" ಎಂದು ಸುಬ್ರಮಣಿ ರೀಲು ಬಿಟ್ಟ. ಅವನಿಗೆ ಆಗ ಗೌರಿಯೂ ಬೇಕಿರಲಿಲ್ಲ, ಗೌರೀಪತಿಯೂ ಬೇಕಿರಲಿಲ್ಲ. ಹುಲಿ ಬೇಕಿತ್ತು.

ತೆರೆದ ಜೀಪಿನಲ್ಲಿ ಇವರ ಜೊತೆ ಬೆಂಗಳೂರಿನ ಸಾಹೇಬರೊಬ್ಬರಿದ್ದರು, ಮಡಿಲಲ್ಲಿ ತೋಪಿನಂಥ ಕ್ಯಾಮೆರಾ. ಜೀಪು ಹೊರಡುವ ಮೊದಲೇ ಗೈಡು ಎಚ್ಚರಿಸಿದ: "ಯಾರೂ ಮಾತಾಡ್ಬಾರ್ದು. ಹುಲಿ ಕಂಡ್ರಂತೂ ಉಸಿರೂ ಬಿಡ್ಬಾರ್ದು." ಸುಬ್ರಮಣಿ ಹೆಂಡತಿಯತ್ತ ತಿರುಗಿ, "ಕೇಳಿಸ್ಕಂಡ್ಯಾ? ಏನೇ ಆಗ್ಲಿ, ಬಾಯಿ ಬಿಡಂಗಿಲ್ಲ" ಎಂದು ಆಜ್ಞೆ ಹೊರಡಿಸಿದ.

ಜಿಂಕೆ ಕಂಡವು, ನವಿಲು ಕಂಡವು. ಒಂದು ಕಾಡೆಮ್ಮೆ ರಸ್ತೆಗೆ ಬಂದು ಗುರಾಯಿಸಿತು. ಸುಕನ್ಯ ಗಂಡನ ಕಿವಿಯಲ್ಲಿ, "ಏನ್ ಮೈಕಟ್ಟು! ಆದ್ರೆ ಕೆಚ್ಲು ನೋಡಿ, ಕಾಫಿಗೂ ಆಗಲ್ಲ" ಎಂದಳು. ಸುಬ್ರಮಣಿ ಕಣ್ಣಲ್ಲೇ ಗದರಿದ. ಜೀಪು ಒಂದು ಕೆರೆಯ ಪಕ್ಕ ಬಂದು ನಿಂತಿತು. ಮಂಗಗಳು ಕೂಗುತ್ತಿದ್ದವು. ಗೈಡು ತುಟಿಯ ಮೇಲೆ ಬೆರಳಿಟ್ಟ.

ಆಗ ಸುಬ್ರಮಣಿಯ ಜೇಬಿನಲ್ಲಿ ಫೋನು ನಾಗಸ್ವರ ಬಾರಿಸಿತು. ಎಲ್ಲೂ ಇಲ್ಲದ ಸಿಗ್ನಲ್ಲು ಆ ಕೆರೆಯ ಪಕ್ಕದಲ್ಲೇ ಎರಡು ಕಡ್ಡಿ ಬಂದು ನಿಂತಿತ್ತು. ವೆಂಕಿಯ ವಿಡಿಯೊ ಕಾಲ್.

"ಅಕ್ಕಾ, ಒದೀತಾವ್ಳೆ! ಒಂದು ತೊಟ್ಟೂ ಬಿಡ್ತಿಲ್ಲ!"

ಸುಕನ್ಯ ಗಂಡನ ಕೈಯಿಂದ ಫೋನು ಕಿತ್ತುಕೊಂಡಳು. ಆಜ್ಞೆ ನೆನಪಿತ್ತು, ಪಿಸುದನಿಯಲ್ಲೇ "ಬಾರೇ ನನ್ನವ್ವ, ಬಿಡೇ ಚಿನ್ನ" ಎಂದಳು. ಸಾಹೇಬರು ಹಲ್ಲು ಕಡಿದರು. ಎರಡು ಸಲ ಅನ್ನುವಷ್ಟರಲ್ಲಿ ಚಿತ್ರ ನಿಂತುಹೋಯಿತು. "ಸಿಗ್ನಲ್ ಓಯ್ತು, ಕೊಡಿಲ್ಲಿ" ಎಂದು ಸುಬ್ರಮಣಿ ಫೋನು ಕಸಿದು, ಕೆರೆಗೆ ಬೆನ್ನು ಮಾಡಿ, ಸೀಟಿನ ಮೇಲೆ ಎದ್ದುನಿಂತು, ಆರತಿ ಎತ್ತುವಂತೆ ಫೋನನ್ನು ಮೇಲಕ್ಕೆತ್ತಿ ಹಿಡಿದ.

ಚಿತ್ರ ಬಂತು, ಮಾತು ಬರಲಿಲ್ಲ. ಪರದೆಯಲ್ಲಿ ಗುಲಾಬಿ ನೈಟಿಯ ವೆಂಕಿ, ಪಕ್ಕದಲ್ಲಿ ಅವ್ವ, ನಡುವೆ ಗೌರಿಯ ಮೂತಿ. ಇದ್ದಕ್ಕಿದ್ದಂತೆ ವೆಂಕಿಯ ಬಾಯಿ ಇಷ್ಟಗಲ ತೆರೆಯಿತು. ಎರಡೂ ಕೈ ಎತ್ತಿ ಏನೋ ತೋರಿಸತೊಡಗಿದ. ಅವ್ವ ಎದೆ ಎದೆ ಹೊಡೆದುಕೊಂಡರು. ಗೌರಿ ಒದ್ದಿರಬೇಕು, ಹಾಲು ಚೆಲ್ಲಿರಬೇಕು ಎಂದುಕೊಂಡ ಸುಬ್ರಮಣಿಗೆ ಪಿತ್ತ ನೆತ್ತಿಗೇರಿತು.

"ಬಕೆಟ್ ಇಡ್ಕಳಲಾ! ಬಕೆಟ್ಟು!" ಎಂದು ಪಿಸುದನಿಯಲ್ಲೇ ಗುಡುಗಿದ.

ಯಾರೋ ಅಂಗಿ ಎಳೆದರು. ಹೆಂಡತಿಯೇ. "ಇರೇ, ಸಿಗ್ನಲ್ ಸಿಕ್ಕೈತೆ." ಮತ್ತೆ ಎಳೆದಳು, ಗುಂಡಿ ಕಿತ್ತುಬರುವ ಹಾಗೆ. "ಇರೇ ಅಂದ್ರೆ!" ಎದುರಿಗೆ ಸಾಹೇಬರು ಕ್ಯಾಮೆರಾ ಹಿಡಿದು, ಕೆಂಪು ಮುಖ ಮಾಡಿಕೊಂಡು, ಪಕ್ಕಕ್ಕೆ ಸರಿ ಎಂದು ಕೈಯಾಡಿಸುತ್ತಿದ್ದರು. ಫೋನು ಬಂದದ್ದಕ್ಕೆ ಈ ಮನುಷ್ಯನಿಗೆ ಇಷ್ಟು ಕೋಪವೇ ಎಂದು ಸುಬ್ರಮಣಿಗೆ ಬೇಸರವೂ ಆಯಿತು.

ಚಿತ್ರ ಮತ್ತೆ ಹೋಯಿತು. ಅವನು ಇಳಿದು ಕೂತ. ಜೀಪಿನಲ್ಲಿ ಯಾರೂ ಅಲ್ಲಾಡುತ್ತಿರಲಿಲ್ಲ.

"ಏನಾಯ್ತು? ಯಾಕಿಂಗೆ ಕುಂತಿದ್ದೀರಾ?"

"ಎಂಥಾ ಹುಲಿ ಸಾರ್!" ಎಂದ ಗೈಡು, ಕಣ್ಣಲ್ಲಿ ನೀರು ತುಂಬಿಕೊಂಡು. "ಕೆರೆಗೆ ಬಂತು, ನೀರು ಕುಡೀತು, ಮೈ ಮುರೀತು, ನಮ್ಮನ್ನ ನೋಡಿ ಆಕಳಿಸ್ತು, ಹೋಯ್ತು. ನನ್ನ ಸರ್ವೀಸಲ್ಲೇ ಇಷ್ಟು ಹತ್ರ ನೋಡಿರ್ಲಿಲ್ಲ."

"ಎಲ್ಲಿ?"

"ನಿಮ್ಮ ಬೆನ್ನ ಹಿಂದೆ."

"ಅಂಗಿ ಅರ್ಯೋ ಅಂಗೆ ಎಳುದ್ನಲ್ರೀ!" ಎಂದಳು ಸುಕನ್ಯ.

"ಬಾಯಲ್ಲಿ ಏಳಕ್ಕೇನಾಗಿತ್ತೇ?"

"ಏನೇ ಆಗ್ಲಿ ಬಾಯಿ ಬಿಡಂಗಿಲ್ಲ ಅಂದ್ರಲ್ಲ!"

ಸಾಹೇಬರು ಕ್ಯಾಮೆರಾ ತಿರುಗಿಸಿ ತೋರಿಸಿದರು. ತೆಗೆದ ಅಷ್ಟೂ ಫೋಟೊಗಳ ತುಂಬ ಒಂದು ನೀಲಿ ಚೌಕಳಿ ಅಂಗಿಯೇ ಇತ್ತು. ಒಂದರಲ್ಲಿ ಮಾತ್ರ, ಅಂಗಿಯ ಕಂಕುಳ ಸಂದಿಯಲ್ಲಿ, ಬಾಲದ ತುದಿ.

ಸುಬ್ರಮಣಿಗೆ ನಿಜಕ್ಕೂ ಅಳು ಬಂತು. ನಾಗರಹೊಳೆ ಇನ್ನೂ ಇದೆಯಲ್ಲ ಎಂದು ಗೋಗರೆದ. ಸುಕನ್ಯ ಕಿವಿಗೇ ಹಾಕಿಕೊಳ್ಳಲಿಲ್ಲ. ಗೌರಿ ಕೊಟ್ಟಳೋ ಇಲ್ಲವೋ, ಕೆಚ್ಚಲು ಬಾತರೆ ಗತಿಯೇನು ಎಂಬುದೊಂದೇ ಅವಳ ಚಿಂತೆ. ರಾತ್ರಿ ತಂಗಿದ ಗುಂಡ್ಲುಪೇಟೆಯಲ್ಲಿ ಎಷ್ಟು ಸಲ ಮಾಡಿದರೂ ವೆಂಕಿಯ ಫೋನು ಸ್ವಿಚ್ ಆಫ್. ಬೆಳಗಾಗುವ ಮುಂಚೆಯೇ ಓಮ್ನಿ ಮನೆಯ ಕಡೆ ಮುಖ ಮಾಡಿತು.

ಮಂಡ್ಯ ದಾಟಿದ ಮೇಲೆ ಅವನು ಓಮ್ನಿಯ ವೇಗ ಇಳಿಸಿದ. ಆಮೇಲೆ ಮೆಲ್ಲಗೆ, "ಲೇ, ಒಂದ್ ಮಾತು. ನಾನೂ ನೋಡ್ದೆ ಅಂತ ಏಳ್ಬಿಡೇ. ನಿನ್ನ ಬಿಟ್ರೆ ಯಾರಿಗೆ ಗೊತ್ತಾಯ್ತದೆ?" ಎಂದ.

ಸುಕನ್ಯಳಿಗೆ ಗಂಡನ ಮುಖ ನೋಡಿ ಕರುಳು ಚುರ್ ಎಂದಿತು. "ಆಯ್ತು ಬಿಡಿ. ನೀವೇ ಮೊದ್ಲು ನೋಡಿದ್ದು ಅಂತೀನಿ, ಸಾಕಾ?" ಎಂದಳು. ಹಾಗೆ ನೋಡಿದರೆ ಇಡೀ ಪ್ರವಾಸದಲ್ಲಿ ಅವನಿಗೆ ಸಿಕ್ಕಿದ ಒಳ್ಳೆಯ ಸಂಗತಿ ಅದೊಂದೇ. ಅಲ್ಲಿಂದಾಚೆ ಅವಳು ಹುಲಿಯನ್ನು ಬಾಲದಿಂದ ಮೀಸೆಯವರೆಗೂ ಬಾಯಿಪಾಠ ಮಾಡಿಸಿದಳು. ನರಸಾಪುರ ಬರುವ ಹೊತ್ತಿಗೆ ಸುಬ್ರಮಣಿಗೆ ತಾನು ಹುಲಿ ನೋಡಿರುವುದರಲ್ಲಿ ಅನುಮಾನವೇ ಉಳಿದಿರಲಿಲ್ಲ.

ಮನೆಯ ಮುಂದೆ ಅರ್ಧ ಊರೇ ನೆರೆದಿತ್ತು. ಸುಕನ್ಯ ನೇರ ಕೊಟ್ಟಿಗೆಗೆ ಓಡಿದಳು. ಸುಬ್ರಮಣಿ ಮಾತ್ರ ನಿಧಾನವಾಗಿ ಇಳಿದು, ಜಗಲಿಯ ಮೇಲೆ ಕಾಲಿಟ್ಟು, ಆಕಾಶ ನೋಡುತ್ತಾ ಶುರುಮಾಡಿದ.

"ಉಲಿ ಅಂದ್ರೆ ಟೀವಿಲಿ ನೋಡ್ದಂಗಲ್ಲ. ಎದುರ್ಗೇ ಬಂತು. ನಾನೂ ಬಿಡ್ಲಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡ್ದೆ..."

"ಯಾವ ಕಣ್ಣಲಾ?" ಎಂದರು ಮುನಿನಾರಾಯಣಮ್ಮ ಒಳಗಿಂದ ಬರುತ್ತಾ. "ನಿನ್ ಇಂದ್ಗಡೆ ಆಕಳಿಸ್ತಾ ನಿಂತಿತ್ತಲ್ಲೋ ಅದು! ಫೋನಲ್ಲಿ ನಿನ್ ತಲೆ ಮೇಲೆ ಕಾಣ್ತಿತ್ತು, ಕಿವಿ ಸಮೇತ. ಮಗನ್ನ ಎತ್ಕಂಡೋಗ್ತದೆ ಅಂತ ನಾನು ಎದೆ ಒಡ್ಕಂಡ್ರೆ, ಬಕೆಟ್ಟು ಬಕೆಟ್ಟು ಅಂತೀಯ!"

"ಬಾವಾ, ಉಲಿ ಉಲಿ ಅಂತ ಕಿರಿಚಿ ಕಿರಿಚಿ ನನ್ ಗಂಟ್ಲೇ ಓಯ್ತು" ಎಂದ ವೆಂಕಿ. ನಿಜಕ್ಕೂ ಗಂಟಲು ಹೋಗಿತ್ತು. ಕಿರಿಚಾಟ ಕೇಳಿ ಕೊಟ್ಟಿಗೆಯ ಬಾಗಿಲು ಒಡೆದು ನುಗ್ಗಿದ ಅಕ್ಕಪಕ್ಕದವರೂ ಹುಲಿಯ ಕೊನೆಯ ದರ್ಶನ ಪಡೆದಿದ್ದರು. (ನೈಟಿಯ ದರ್ಶನವೂ ಆಗಿತ್ತು, ಆದರೆ ಹುಲಿಯ ಮುಂದೆ ಅದನ್ನು ಯಾರೂ ಕೇಳಲಿಲ್ಲ.) ಆಮೇಲೆ ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಮಾಡಿ ವೆಂಕಿಯ ಬ್ಯಾಟರಿ ಸತ್ತಿತ್ತು.

ಸುಕನ್ಯ ಕೊಟ್ಟಿಗೆಯಿಂದ ನಗುತ್ತಾ ಬಂದಳು. ನಿನ್ನೆ ಫೋನಿನಲ್ಲಿ ಅವಳ ದನಿ ಕೇಳಿದ್ದೇ ತಡ ಗೌರಿ ಹಾಲಿಳಿಸಿದ್ದಳಂತೆ. ಆಮೇಲೆ ಫೋನಿನಲ್ಲಿ ಹುಲಿಯ ಮುಖ ಕಂಡು, ಹಾಲು ತುಂಬಿದ ಬಕೆಟ್ಟನ್ನು ಗೋಡೆಗೆ ಒದ್ದಿದ್ದಳಂತೆ.

ಸುಬ್ರಮಣಿ ಜಗಲಿಯ ಮೇಲಿಂದ ಕಾಲು ತೆಗೆದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಶ್ರೀಧರ್. ಎತ್ತದಿದ್ದರೆ ಇನ್ನೂ ಅವಮಾನವೆಂದು ಎತ್ತಿದ.

"ಅಣ್ಣಾ, ಮನೆ ಸೇರಿದ್ರಾ? ವೆಂಕಿ ಎಲ್ಲಾ ಹೇಳ್ದ" ಎಂದ ಶ್ರೀಧರ್, ಬಹಳ ಮರ್ಯಾದೆಯಿಂದ. "ಸ್ವಲ್ಪ ಫೋನು ಗೌರಿಗೆ ಕೊಡಿ. ಹುಲಿ ವಿಷಯ ಎರಡು ಮಾತಾಡೋದಿತ್ತು."