ಹವಾಲ್ದಾರರು ಟ್ಯಾಂಕು ಓಡಿಸಿದ್ದು ಹೌದೋ ಅಲ್ಲವೋ

ಹಲ್ಲಿನ ಸೆಟ್ಟು ಮಾಡುವವನ ಮೇಜಿನ ಮೇಲೆ ಯುದ್ಧದ ಟ್ಯಾಂಕು ಕೂತಿದ್ದರೆ ಏನಾದರೊಂದು ಫಜೀತಿ ಆಗುತ್ತಲೇ ಇರುತ್ತದೆ. ನನಗಂತೂ ಅಭ್ಯಾಸವಾಗಿ ಹೋಗಿದೆ.

ಶಿಕಾರಿಪುರದಲ್ಲಿ ನನ್ನದೊಂದು ಸಣ್ಣ ಲ್ಯಾಬು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಸೆಟ್ಟು ಮಾಡಿ ಕೊಡುತ್ತೇನೆ. ಆ ಕೆಲಸ ಮುಗಿದ ಮೇಲೆ ಅದೇ ಚಿಮಟ, ಅದೇ ಅರ, ಅದೇ ದಪ್ಪ ಕನ್ನಡಕ ಇಟ್ಟುಕೊಂಡು ಪ್ಲಾಸ್ಟಿಕ್ಕಿನ ಟ್ಯಾಂಕು ಜೋಡಿಸುತ್ತೇನೆ. ಆಟದ ಸಾಮಾನಲ್ಲ, ಅಸಲಿ ಟ್ಯಾಂಕಿನ ಮೂವತ್ತೈದನೇ ಒಂದು ಅಳತೆಯ ಮಾದರಿ. "ಆಟದ ಸಾಮಾನು ಅನ್ಬ್ಯಾಡ್ರಿ, ಅವರಿಗೆ ಸಿಟ್ಟು ಬರ್ತೈತಿ" ಎಂದು ನನ್ನ ಹೆಂಡತಿ ಬಂದವರಿಗೆ ಬಾಗಿಲಲ್ಲೇ ಹೇಳಿ ಕಳಿಸುತ್ತಾಳೆ. ನಮ್ಮದೊಂದು ಕ್ಲಬ್ಬೂ ಇದೆ. ಆಗ ಅದಕ್ಕೆ ಇದ್ದದ್ದು ಇಬ್ಬರೇ. ನಾನು ಅಧ್ಯಕ್ಷ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಕಾರ್ಯದರ್ಶಿ. ಸಾಮಾನ್ಯ ಸದಸ್ಯರು ಯಾರೂ ಇಲ್ಲದ್ದರಿಂದ ಸಭೆಗಳು ಬಹಳ ಶಾಂತವಾಗಿ ನಡೆಯುತ್ತಿದ್ದವು.

೧. ಯಾರ ಬಾಯಿ?

ಟ್ಯಾಂಕಿನ ಗಾಲಿಯ ಮೇಲೆ ಓಡುವ ಚೈನು ಇದೆಯಲ್ಲ, ಅದು ಜೋಡಿಸುವವನ ತಾಳ್ಮೆ ಪರೀಕ್ಷೆಗೆಂದೇ ಹುಟ್ಟಿದ್ದು. ನೂರೆಂಬತ್ತು ತುಣುಕು, ಒಂದೊಂದೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಒಂದು ಮಧ್ಯಾಹ್ನ ಅವಕ್ಕೆಲ್ಲ ಬಿಳಿ ಬಣ್ಣದ ಮೊದಲ ಕೋಟು ಹೊಡೆದು, ಒಣಗಲೆಂದು ಮೇಜಿನ ಉದ್ದಕ್ಕೂ ಸಾಲಾಗಿ ಇಟ್ಟಿದ್ದೆ.

ಉಡುತಡಿಯ ಅಜ್ಜರೊಬ್ಬರು ತಮ್ಮ ಸೆಟ್ಟು ತೆಗೆದುಕೊಂಡು ಹೋಗಲು ಬಂದರು. ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆ ತುದಿಯಿಂದ ಈ ತುದಿಗೆ ಮತ್ತೆ ನೋಡಿದರು.

"ಎಲ್ಲಾ ಒಬ್ಬಂದೇ ಏನ್ರೀ?"

ಒಂದು ತುಣುಕು ನೆಲಕ್ಕೆ ಬಿದ್ದು ಸಿಗದೆ ನನ್ನ ತಲೆ ಕೆಟ್ಟಿತ್ತು. ಮೇಜಿನ ಕೆಳಗಿಂದಲೇ, "ಹೌದಜ್ಜ, ಒಂದಕ್ಕೇ" ಎಂದೆ.

ಅಜ್ಜ ತಮ್ಮ ಹೊಸ ಸೆಟ್ಟನ್ನು ಬಾಯಿಗೆ ಹಾಕಿಕೊಂಡು ಎರಡು ಸಲ ಕಚ್ಚಿ ನೋಡಿದರು. ಆಮೇಲೆ ನಿಜವಾದ ಮರುಕದಿಂದ ಹೇಳಿದರು: "ಅವನ ಹೆಂಡ್ತಿ ರೊಟ್ಟಿ ಬಡಿದೂ ಬಡಿದೂ ಸೋತಿರ್ತಾಳ ಬಿಡ್ರಿ."

೨. ಬಕೆಟ್ ಎಲ್ಲಿ?

ಹವಾಲ್ದಾರರು ನಮ್ಮ ಪಾಲಿಗೆ ಬಂದದ್ದು ಒಂದು ಚಕ್ಕುಲಿಯಿಂದ. ಚಕ್ಕುಲಿ ಕಡಿದು ಕೆಳಗಿನ ಸೆಟ್ಟು ಎರಡು ಹೋಳಾಗಿತ್ತು. ಊರು ಕ್ಯಾಸನೂರಿನ ಹತ್ತಿರ. ಸೈನ್ಯದಿಂದ ಬಂದು, ಶಿವಮೊಗ್ಗದಲ್ಲಿ ಬಹಳ ವರ್ಷ ಕಾವಲು ಕೆಲಸ ಮಾಡಿ, ಈಗ ಊರಿಗೆ ಮರಳಿದ್ದರು. ಜೊತೆಗೆ ಅವರ ಹೆಂಡತಿಯೂ ಬಂದಿದ್ದರು.

ನಾನು ಹೋಳು ಜೋಡಿಸುತ್ತಿದ್ದರೆ ಹವಾಲ್ದಾರರು ಕಪಾಟಿನ ಮುಂದೆ ನಿಂತುಬಿಟ್ಟಿದ್ದರು. ನಮ್ಮ ಸೈನ್ಯದ ಹಳೆಯ ಟ್ಯಾಂಕೊಂದನ್ನು ಏಳು ತಿಂಗಳು ಕೂತು ಮಾಡಿದ್ದೆ. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಹೊಗಳುತ್ತಾರೆಂದು ನಾನು ಕಾದೆ. ಅವರು ಹಿಂಭಾಗ ತಿರುಗಿಸಿ ನೋಡಿ ಕೇಳಿದರು: "ಬಕೆಟ್ ಎಲ್ಲಿ?"

"ಯಾವ ಬಕೆಟ್ ಸಾರ್?"

"ಹಿಂದೆ ಎಡಗಡೆ ಕೊಕ್ಕೆಗೆ ನಾನೊಂದು ಬಕೆಟ್ ಕಟ್ಟಿರ್ತಿದ್ದೆ. ಮರುಭೂಮಿಯಾಗೆ ಸ್ನಾನಕ್ಕೆ ಮತ್ತೆಂತ ಮಾಡೂದು? ಹನ್ನೊಂದು ವರ್ಷ ಈ ಗಾಡಿ ಓಡ್ಸಿದೀನಿ."

"ಶುರುವಾಯ್ತು" ಎಂದರು ಹೆಂಡತಿ. ನನ್ನ ಕಡೆ ತಿರುಗಿ, "ನೀವೇ ಹೇಳಿ ಸಾರ್. ಇವರಿಗೆ ಸ್ಕೂಟಿ ಬರೂದಿಲ್ಲ. ಕಾರು ಕಲೀಲಿಕ್ಕೆ ಹೋಗಿ ಕಲಿಸೋನಿಗೇ ಜ್ವರ ಬಂತು. ಪೇಟೆಗೆ ಹೋಗೂದಾದ್ರೆ ನಾನು ಸ್ಕೂಟಿ ಓಡ್ಸೂದು, ಇವರು ಹಿಂದೆ ಚೀಲ ಹಿಡ್ಕಂಡು ಕೂರೂದು. ಟ್ಯಾಂಕು ಓಡ್ಸಿದ್ರಂತೆ ಟ್ಯಾಂಕು!"

"ಫೋಟೊ ತೋರ್ಸಿಲ್ಲೇನೇ ನಿನಗೆ?"

"ಟ್ಯಾಂಕಿನ ಮುಂದೆ ನಿಂತ ಫೋಟೊ. ಜೋಗದ ಮುಂದೆ ನಿಂತು ನಾನೂ ಫೋಟೊ ತೆಗೆಸ್ಕಂಡೀನಿ. ನೀರು ನಾನು ಬಿಟ್ಟದ್ದಾ?"

ನಾನು ನಕ್ಕುಬಿಟ್ಟೆ. ಹವಾಲ್ದಾರರು ನಗಲಿಲ್ಲ. ಹಲ್ಲಿಲ್ಲದ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ಟ್ಯಾಂಕನ್ನು ಕಪಾಟಿನಲ್ಲಿ ಮೆಲ್ಲಗೆ ಇಟ್ಟರು. ಹೆಂಡತಿಗೆ ಅದು ಬರೀ ಕೀಟಲೆ. ಇವರಿಗೆ ಅದು ಒಳಗೇ ನಾಟಿತ್ತು. ಊರಿನವರು ನಂಬದಿದ್ದರೆ ಹೋಗಲಿ, ಇವಳು ಒಂದು ಸಲ, ಒಂದೇ ಸಲ, ಹೌದು ಅನ್ನಬೇಕು ಎಂಬುದು ಅವರ ಆಸೆ. ನನಗೆ ನಕ್ಕದ್ದಕ್ಕೆ ನಾಚಿಕೆಯಾಯಿತು.

ಅದೇ ವಾರ ಅವರನ್ನು ಕ್ಲಬ್ಬಿಗೆ ಸೇರಿಸಿಕೊಂಡೆವು. ಅವರು ಹೇಳಿದ ಹಾಗೆ ಮಾದರಿಯನ್ನು ತಿದ್ದಿದೆವು. ಇಂಜೆಕ್ಷನ್ ಬಾಟಲಿಯ ಮುಚ್ಚಳದಲ್ಲಿ ನಾನೇ ಬಕೆಟ್ಟು ಮಾಡಿದೆ. ಹವಾಲ್ದಾರರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ನಮ್ಮದು ತಳ ತೂತಾಗಿತ್ತು" ಎಂದರು.

ತೂತು ಕೊರೆದೆ.

೩. ತರಬೇತಿ

ಸ್ಕೂಟಿ ಕಲಿಸಿಬಿಟ್ಟರೆ ಮನೆಯ ತಕರಾರು ಮುಗಿಯುತ್ತದೆ ಎಂದು ಮೇಷ್ಟ್ರು ಹೊರಟರು. ಮೂವತ್ತು ವರ್ಷ ಮಕ್ಕಳಿಗೆ ಆನೆ ಬರೆಯಲು ಕಲಿಸಿದವರಿಗೆ ಇದು ಯಾವ ಲೆಕ್ಕ? ಊರಾಚೆಯ ಬಯಲಿಗೆ ತಮ್ಮದೇ ಸ್ಕೂಟಿ ತಂದರು. ಹವಾಲ್ದಾರರ ಹೆಂಡತಿ ಮರದ ಕೆಳಗೆ ಟವೆಲ್ ಹಾಸಿಕೊಂಡು ಕೂತರು.

ನೇರ ಹೋಗುವಾಗ ಎಲ್ಲ ಚೆನ್ನಾಗಿತ್ತು. "ಎಡಕ್ಕೆ ತಿರುಗಿಸ್ರೀ!" ಎಂದು ಮೇಷ್ಟ್ರು ಕೂಗಿದರು. ಹವಾಲ್ದಾರರು ಎಡಗೈಯ ಬ್ರೇಕು ಹಿಡಿದರು. ಸ್ಕೂಟಿ ತಿರುಗುವ ಬದಲು ನಿಂತಿತು.

"ಬ್ರೇಕ್ ಯಾಕೆ ಹಿಡಿದ್ರಿ?"

"ಎಡಕ್ಕೆ ಅಂದ್ರಲ್ಲ."

ಆಗ ಗೊತ್ತಾಯಿತು. ಟ್ಯಾಂಕಿಗೆ ಸ್ಟೇರಿಂಗು ಇರಲಿಲ್ಲ, ಎರಡು ಕೈಗೆ ಎರಡು ಲಿವರು. ಎಡಗಡೆಯದು ಎಳೆದರೆ ಆ ಕಡೆಯ ಚೈನು ನಿಲ್ಲುತ್ತದೆ, ಬಲಗಡೆಯದು ಓಡುತ್ತಲೇ ಇರುತ್ತದೆ, ಟ್ಯಾಂಕು ತಾನಾಗಿಯೇ ಎಡಕ್ಕೆ ತಿರುಗುತ್ತದೆ. ಹನ್ನೊಂದು ವರ್ಷ ಹಾಗೆ ಪಳಗಿದ ಕೈಗೆ ಬೇರೆ ಬುದ್ಧಿ ಹೇಳುವುದು ಹೇಗೆ? ಮೇಷ್ಟ್ರು ಅರ್ಧ ಗಂಟೆ ಬಿಡಿಸಿ ಬಿಡಿಸಿ ಹೇಳಿದರು. ಹವಾಲ್ದಾರರು ಎಲ್ಲದಕ್ಕೂ ತಲೆಯಾಡಿಸಿದರು.

ಎರಡನೇ ಸಲ ಮೇಷ್ಟ್ರು "ಬಲಕ್ಕೆ!" ಎಂದರು. ಹವಾಲ್ದಾರರು ಬಲಗೈಯ ಬ್ರೇಕನ್ನು ಪೂರ್ತಿ ಶಕ್ತಿ ಹಾಕಿ ಹಿಡಿದರು. ಅದು ಮುಂದಿನ ಗಾಲಿಯದು. ಸ್ಕೂಟಿ ಒಂದು ಕಡೆ, ಅವರು ಇನ್ನೊಂದು ಕಡೆ.

ನಾವು ಓಡಿಹೋಗಿ ಎಬ್ಬಿಸಿದೆವು. ಮೊಣಕೈ ತರಚಿತ್ತು. ಅದನ್ನು ನೋಡಿಕೊಳ್ಳದೆ, ಬಿದ್ದ ಸ್ಕೂಟಿಯನ್ನು ಬೇಸರದಿಂದ ನೋಡಿ ಹವಾಲ್ದಾರರು ಹೇಳಿದರು: "ನಾನು ಲಿವರು ಸರಿಯಾಗೇ ಎಳ್ದೆ. ಗಾಡಿಗೇ ತರಬೇತಿ ಇಲ್ಲ."

ಹೆಂಡತಿ ಟವೆಲ್ ಕೊಡವಿಕೊಂಡು ಎದ್ದರು. "ಇನ್ನು ಮೇಲೆ ಇಂಜಿನ್ ಇರೋದು ಯಾವುದನ್ನೂ ಮುಟ್ಟೂ ಹಾಗಿಲ್ಲ" ಎಂದು ಆಜ್ಞೆಯಾಯಿತು.

೪. ಮೂರು ಬಿಳಿ ಗೆರೆ

ಉಳಿದದ್ದು ಒಂದೇ ದಾರಿ. ದಾವಣಗೆರೆಯಲ್ಲಿ ಮಾದರಿಗಳ ಸ್ಪರ್ಧೆಯಿತ್ತು. ಅಲ್ಲಿ ಬಹುಮಾನ ಬಂದರೆ, ತಿಳಿದವರೇ ಒಪ್ಪಿದರು ಎಂದಾಗುತ್ತದೆ. ಆಗಲಾದರೂ ಹವಾಲ್ದಾರರ ಹೆಂಡತಿ ಹೌದೆನ್ನಬಹುದು. ಅವರನ್ನೂ ಒಪ್ಪಿಸಿ ಕರೆದುಕೊಂಡು ಹೊರಟೆವು.

ಹೊರಡುವ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಹೆಂಡತಿ ಟ್ಯಾಂಕಿಗೆ ಪೂಜೆ ಮಾಡಿಬಿಟ್ಟಿದ್ದಳು. "ಗಾಡಿ ಮೊದಲನೇ ಸಲ ಹೊರಗೆ ಹೊಂಟೈತಿ, ಹಂಗೇ ಕಳಿಸಾಕ ಆಗ್ತೈತೇನ್ರಿ?" ಮುಂಭಾಗದಲ್ಲಿ ಅಚ್ಚುಕಟ್ಟಾಗಿ ಮೂರು ಗೆರೆ ವಿಭೂತಿ. ಚೈನಿನ ಕೆಳಗೆ ನಿಂಬೆಹಣ್ಣು ಇಡಲೂ ನೋಡಿದ್ದಳಂತೆ, ಟ್ಯಾಂಕೇ ಮಗುಚಿಕೊಂಡಿತಂತೆ. ವಿಭೂತಿ ಒರೆಸಿದರೆ ನಾನು ತಿಂಗಳುಗಟ್ಟಲೆ ಕೂತು ಹಚ್ಚಿದ ಧೂಳಿನ ಬಣ್ಣವೂ ಎದ್ದುಬರುತ್ತಿತ್ತು. ಹಲ್ಲು ಕಚ್ಚಿಕೊಂಡು ಹಾಗೇ ತೆಗೆದುಕೊಂಡು ಹೋದೆ.

ತೀರ್ಪುಗಾರರು ಬೆಂಗಳೂರಿನವರು, ಇನ್ನೂ ಚಿಕ್ಕ ವಯಸ್ಸು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ದಪ್ಪ ಪುಸ್ತಕ. ನಮ್ಮ ಮೇಜಿನ ಹತ್ತಿರ ಬಂದು ಬಗ್ಗಿದರು.

"ಈ ಬಕೆಟ್ ಇಲ್ಲಿ ಹೇಗೆ ಬಂತು? ಪುಸ್ತಕದಲ್ಲಿ ಇಲ್ಲವಲ್ಲ."

"ನಾನೇ ಕಟ್ಟಿದ್ದು" ಎಂದರು ಹವಾಲ್ದಾರರು, ಎದೆ ಸೆಟೆಸಿ.

"ಅಂಕಲ್, ಆಧಾರ ಬೇಕಾಗುತ್ತೆ" ಎಂದು ಅವರು ಬಹಳ ಮರ್ಯಾದೆಯಿಂದಲೇ ಹೇಳಿ ಎರಡು ಅಂಕ ಕಳೆದರು. ತಳದ ತೂತಿಗೆ ಇನ್ನೊಂದು. ಆಮೇಲೆ ಟಾರ್ಚು ಮುಂಭಾಗಕ್ಕೆ ಬಂತು. "ಈ ಮೂರು ಬಿಳಿ ಗೆರೆ? ಯಾವ ದಳದ ಗುರುತು?"

ನಾನು ಚೀಲದಲ್ಲಿ ಏನೋ ಹುಡುಕುವವನ ಹಾಗೆ ಬಗ್ಗಿದೆ. ಮೇಷ್ಟ್ರು ಮಾತ್ರ ತಡವರಿಸಲಿಲ್ಲ. "ಬಹಳ ಹಳೇದು ಸಾರ್. ನಮ್ಮ ಕಡೆ ಮನೆಮನೇಲೂ ಅದರವರೇ."

ಬಹುಮಾನ ಯಾರದೋ ಜರ್ಮನ್ ಟ್ಯಾಂಕಿಗೆ ಹೋಯಿತು. ನಮ್ಮ ಚೀಟಿಯಲ್ಲಿ ಬರೆದಿದ್ದರು: "ಬಕೆಟ್: ಕಲ್ಪನೆ. ಬಿಳಿ ಗೆರೆಗಳು: ಆಳವಾದ ಅಧ್ಯಯನ."

ಬಸ್ಸಿನಲ್ಲಿ ಹವಾಲ್ದಾರರ ಹೆಂಡತಿ, "ಪುಸ್ತಕ ಓದಿದೋರೇ ಇಲ್ಲ ಅಂದ್ರಲ್ಲ" ಎಂದರು. ಈ ಸಲ ಕೀಟಲೆಗಲ್ಲ, ಸುಮ್ಮನೆ ಹೇಳಿದ್ದು. ಅದೇ ಹೆಚ್ಚು ಕೆಟ್ಟದಾಗಿತ್ತು. ಹವಾಲ್ದಾರರು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತರು. ಇದ್ದ ಮರ್ಯಾದೆಯನ್ನೂ ನಾವೇ ಕಳೆದೆವಲ್ಲ ಎಂದುಕೊಂಡು ನಾನು ತೊಡೆಯ ಮೇಲಿದ್ದ ಟ್ಯಾಂಕಿಗೆ ಟವೆಲ್ ಮುಚ್ಚಿದೆ.

೫. ಹೌದು

ಮುಂದಿನ ತಿಂಗಳು, ನಾಟಿಯ ಸಮಯ, ಆ ಟ್ಯಾಂಕನ್ನು ಹವಾಲ್ದಾರರಿಗೇ ಕೊಟ್ಟುಬಿಡೋಣ ಎಂದು ನಾನೂ ಮೇಷ್ಟ್ರೂ ಅವರ ಊರಿಗೆ ಹೋದೆವು. ಮನೆಯಲ್ಲಿ ಯಾರೂ ಇರಲಿಲ್ಲ. ಗದ್ದೆಯ ಹತ್ತಿರ ಹೋದರೆ ಅಲ್ಲಿ ಬೇರೆಯೇ ಪೇಚಾಟ. ಬಾಡಿಗೆ ಟಿಲ್ಲರಿನವನು ಅರ್ಧ ಗದ್ದೆ ಉತ್ತು, ಕಾಲು ಉಳುಕಿಸಿಕೊಂಡು ಬದುವಿನ ಮೇಲೆ ಕೂತಿದ್ದ. ಸಸಿ ಕಿತ್ತಾಗಿತ್ತು. ನಾಟಿಯವರು ಮರುದಿನವೇ ಬರುವವರಿದ್ದರು. ಹವಾಲ್ದಾರರ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

ಮೇಷ್ಟ್ರು ಸುಮ್ಮನಿರಲಾರದೆ, "ಸ್ಟೇರಿಂಗ್ ಇಲ್ಲದೆ ಇದು ಹೆಂಗಪ್ಪ ತಿರುಗ್ತೈತಿ?" ಎಂದು ಟಿಲ್ಲರಿನವನನ್ನು ಕೇಳಿದರು.

"ಎರಡು ಹಿಡಿಗೆ ಎರಡು ಕ್ಲಚ್ಚು ಐತಲ್ಲ. ಎಡಗಡೇದು ಹಿಡಿದ್ರೆ ಎಡಗಡೆ ಗಾಲಿ ನಿಲ್ತದೆ. ಗಾಡಿ ಎಡಕ್ಕೆ ತಿರುಗ್ತದೆ."

ನಾನು ಮೇಷ್ಟ್ರ ಮುಖ ನೋಡಿದೆ. ಮೇಷ್ಟ್ರು ಹವಾಲ್ದಾರರ ಮುಖ ನೋಡಿದರು. ಹವಾಲ್ದಾರರು ಆಗಲೇ ಪಂಚೆ ಎತ್ತಿ ಕಟ್ಟುತ್ತಿದ್ದರು.

"ಬೇಡ! ಮೊಣಕೈ ಈಗಷ್ಟೇ ವಾಸಿಯಾಗಿದೆ!" ಎಂದು ಹೆಂಡತಿ ಕೂಗಿದರು. ಅಷ್ಟರಲ್ಲಿ ಅವರು ಕೆಸರಿಗೆ ಇಳಿದು ಹಿಡಿ ಹಿಡಿದಾಗಿತ್ತು.

ಏನು ಹೇಳಲಿ! ಆ ಅರವತ್ತು ದಾಟಿದ ಮನುಷ್ಯ ಮೊಣಕಾಲುದ್ದ ಕೆಸರಿನಲ್ಲಿ ಟಿಲ್ಲರನ್ನು ದಾರ ಹಿಡಿದ ಹಾಗೆ ನೇರ ಹೊಡೆದರು. ಮೂಲೆಗೆ ಬಂದಾಗ ಎಡಗೈ ಬೆರಳು ಮಡಚಿದರು, ಗಾಡಿ ನಿಂತಲ್ಲೇ ತಿರುಗಿತು. ಬಲಗೈ ಮಡಚಿದರು, ಮತ್ತೆ ತಿರುಗಿತು. ಟಿಲ್ಲರಿನವನು ಕಾಲುನೋವು ಮರೆತು ಎದ್ದು ನಿಂತ. ಮೇಷ್ಟ್ರು ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ಮಂಜಾಗಿತ್ತು, ಸುಳ್ಳು ಯಾಕೆ ಹೇಳಲಿ.

ಪ್ರತಿ ಸಲ ತಿರುಗುವಾಗಲೂ ಹವಾಲ್ದಾರರು ಹೆಂಡತಿಯ ಕಡೆ ನೋಡುತ್ತಿದ್ದರು. ಆಕೆಯ ಬಾಯಿ ತೆರೆದೇ ಇತ್ತು, ‘ಹೌದು’ ಮಾತ್ರ ಹೊರಗೆ ಬರಲಿಲ್ಲ. ಇಷ್ಟು ವರ್ಷ ನಡೆಸಿದ ವಾದ, ಒಂದೇ ಸಲ ಬಿಟ್ಟುಕೊಡಲು ಮನಸ್ಸಾಗಬೇಕಲ್ಲ.

ಗದ್ದೆ ಮುಗಿಯಿತು. ಹವಾಲ್ದಾರರು ಕೊನೆಯ ಸಲ ನೋಡಿದರು. ಹೆಂಡತಿ ಸಸಿಯ ಕಟ್ಟುಗಳ ಕಡೆ ತಿರುಗಿದರು. ಇವರು ಟಿಲ್ಲರು ನಿಲ್ಲಿಸಲಿಲ್ಲ. ಬದು ಹತ್ತಿಸಿ ಪಕ್ಕದವರ ಗದ್ದೆಗೆ ಇಳಿಸಿದರು.

"ರೀ! ಅದು ನಮ್ಮದಲ್ಲ!"

ಟಿಲ್ಲರು ಆ ಗದ್ದೆಯನ್ನೂ ನೇರ ದಾಟಿ ಇನ್ನೊಂದು ಬದು ಹತ್ತಿತು. ಅದರಾಚೆ ನಿನ್ನೆಯಷ್ಟೇ ನೆಟ್ಟ ಸಸಿ. ಹೆಂಡತಿ ಸೀರೆ ಎತ್ತಿಕಟ್ಟಿ ಬದುವಿನ ಮೇಲೆ ಓಡಿದರು, ಹಿಂದಿನಿಂದ ನಾವಿಬ್ಬರು, ಕುಂಟುತ್ತ ಟಿಲ್ಲರಿನವನು. "ನಿಲ್ಲಿಸ್ರೀ ಮಾರಾಯ್ರೆ! ಹೌದು! ನೀವು ಟ್ಯಾಂಕೇ ಓಡ್ಸಿದ್ದು! ಹೌದು!"

ಟಿಲ್ಲರು ಬದುವಿನ ನೆತ್ತಿಯಲ್ಲೇ ನಿಂತಿತು. ಹವಾಲ್ದಾರರು ಹಿಂತಿರುಗಿ, ಕಿವಿಗೆ ಕೈ ಅಡ್ಡ ಹಿಡಿದು ಕೇಳಿದರು: "ಎಂತ ಅಂದೆ? ಇನ್ನೊಂದು ಸಲ ಹೇಳು. ಇಂಜಿನ್ ಸದ್ದಿಗೆ ಕೇಳ್ತಿಲ್ಲ."

ಇಂಜಿನ್ ಆಗಲೇ ಆಫ್ ಆಗಿತ್ತು.