ತೊಳೆದ ಆಲೂಗಡ್ಡೆ

ನಮ್ಮ ಶುಚಿತ್ವ ಮಾಪನ ಕಚೇರಿಯ ಕ್ಯಾಂಟೀನಿನಲ್ಲಿರುವ ಪಾತ್ರೆ ತೊಳೆಯುವ ಯಂತ್ರವು ಸುಸ್ಥಿತಿಯಲ್ಲಿದೆ. ಅದು ಪಾತ್ರೆ ತೊಳೆಯುವುದಿಲ್ಲ ಎಂಬುದು ಬೇರೆ ವಿಷಯ.

ಊರಿನ ಹೋಟೆಲು, ಆಸ್ಪತ್ರೆ, ಹಾಸ್ಟೆಲುಗಳ ಅಡುಗೆಮನೆಗೆ ನುಗ್ಗಿ, ಲೋಟದೊಳಗೆ ಬೆರಳಾಡಿಸಿ, ಮೂಸಿ ನೋಡಿ, ಎಷ್ಟು ಶುಚಿ ಎಂದು ಅಂಕ ಕೊಡುವುದು ನಮ್ಮ ಕಚೇರಿಯ ಕೆಲಸ. ನಾನು ಅಲ್ಲಿ ಹಿರಿಯ ಪರಿವೀಕ್ಷಕ. ಜೊತೆಗೆ ಕ್ಯಾಂಟೀನ್ ಸಮಿತಿಯ ಕಾರ್ಯದರ್ಶಿ. ಎರಡನೆಯ ಹುದ್ದೆಗೆ ಸಂಬಳವಿಲ್ಲ, ಆದರೆ ಅಡುಗೆಯವನು ಬಡಿಸುವಾಗ ಅವನ ಸೌಟು ನನ್ನ ತಟ್ಟೆಯ ಮೇಲೆ ಸ್ವಲ್ಪ ಧಾರಾಳವಾಗಿ ಬಗ್ಗುತ್ತದೆ. ಆ ಅಡುಗೆಯವನನ್ನು ಎಲ್ಲರೂ ಸೌಟಣ್ಣ ಎಂದೇ ಕರೆಯುವುದು. ಈರುಳ್ಳಿಯನ್ನು ಕೆಂಪಗೆ ಬಾಡಿಸಿ, ಮೆಣಸು ಜಜ್ಜಿ ಹಾಕಿ ಅವನು ಮಾಡುವ ಆಲೂಗಡ್ಡೆಯ ನೆನಪಾದರೆ, ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲೂ ನನ್ನ ಬಾಯಲ್ಲಿ ನೀರೂರುತ್ತದೆ. ಸರ್ಕಾರಿ ಕೆಲಸದಲ್ಲಿ ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟದ್ದು ಪಿಂಚಣಿಯಲ್ಲ, ಆ ಆಲೂಗಡ್ಡೆ.

ಯಂತ್ರ ತರಿಸಿದವರು ನಮ್ಮ ನಿರ್ದೇಶಕರು. ಸರಬರಾಜು ಮಾಡಿದವರು ಅವರ ಬಾಮೈದ. ಬಾಮೈದ ಎಂಬ ಕಾರಣಕ್ಕೆ ಕೊಂಡದ್ದಲ್ಲ. ಟೆಂಡರ್ ಕರೆದು, ಬಂದ ಒಂದೇ ಟೆಂಡರನ್ನು ಅದರ ಜೊತೆಗೇ ಕೂಲಂಕಷವಾಗಿ ಹೋಲಿಸಿ, ಅತಿ ಕಡಿಮೆ ದರದ್ದು ಅದೇ ಎಂದು ಮನವರಿಕೆಯಾದ ಮೇಲೆ ಕೊಂಡದ್ದು. ಮೊದಮೊದಲು ತಟ್ಟೆಗಳು ಹೊಳೆಯುತ್ತಿದ್ದವು. ನಿರ್ದೇಶಕರು ಒಂದು ತಟ್ಟೆಯನ್ನು ಮುಖದೆದುರು ಹಿಡಿದು ಮೀಸೆ ತಿದ್ದಿಕೊಂಡಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಮೇಲೆ ಒಂದು ದಿನ ತಟ್ಟೆಯ ಅಂಚಿನಲ್ಲಿ ನಿನ್ನೆಯ ಮೊಟ್ಟೆ ಉಳಿಯಿತು. ಲೋಟಗಳ ಮೇಲೆ ಬೂದಿ ಬಳಿದಂತೆ ಬಿಳಿ ಪದರ ಕೂತಿತು. ಚಮಚಗಳಂತೂ ಯಾರು ಏನು ತಿಂದಿದ್ದರು ಎಂದು ಸಾಕ್ಷಿ ಹೇಳತೊಡಗಿದವು.

ನಾನು ಬಗ್ಗಿ ಒಳಗೆ ನೋಡಿದೆ. ನೀರು ಚಿಮ್ಮಿಸುವ ತೂತುಗಳಲ್ಲಿ ಅನ್ನದ ಅಗುಳು ಕಟ್ಟಿಕೊಂಡಿತ್ತು. ಒಂದು ಸೂಜಿ ಸಾಕು ಎಂದು ನಿರ್ದೇಶಕರಿಗೆ ಹೇಳಿದೆ. ಅವರ ಮುಖ ಕೆಂಪಾಯಿತು.

"ಎಲ್ಲವನ್ನೂ ತೊಳೆಯೋ ಮೆಷಿನ್ನನ್ನ ನಾವು ತೊಳೆಯೋದೇನ್ರೀ? ಹೊರಗಿನವರು ಕೇಳಿದ್ರೆ ನಗಲ್ವಾ?"

ನಮ್ಮ ಕಚೇರಿಯಲ್ಲಿ ಇದು ನಿಯಮವಾಯಿತು. ಶುಚಿ ಮಾಡುವ ವಸ್ತು ಸ್ವಭಾವತಃ ಶುಚಿಯಾಗಿರುವುದರಿಂದ ಅದನ್ನು ಶುಚಿ ಮಾಡತಕ್ಕದ್ದಲ್ಲ. ಇದೇ ಆಧಾರದ ಮೇಲೆ ಜವಾನರು ಪೊರಕೆ ಕೊಡವುವುದನ್ನೂ ನಿಲ್ಲಿಸಿದರು.

ಬಾಮೈದರನ್ನು ಕರೆಸಿದೆವು. ಅವರು ಗುಂಡಿ ಒತ್ತಿದರು. ಹಸಿರು ದೀಪ ಹತ್ತಿತು, ಗುರ್ ಎಂದು ಸದ್ದು ಬಂತು.

"ದೀಪ ಬಂತಾ ಸಾರ್?"

"ಬಂತು."

"ಸದ್ದು?"

"ಅದೂ ಬಂತು. ಆದ್ರೆ ಪಾತ್ರೆ ತೊಳೀತಾ ಇಲ್ಲವಲ್ಲ."

"ಗ್ಯಾರಂಟಿ ಇರೋದು ದೀಪಕ್ಕೆ, ಸದ್ದಿಗೆ. ಶುಚಿ ಅನ್ನೋದು ಅವರವರ ಭಾವನೆ ಸಾರ್."

ಶುಚಿ ಅಳೆಯುವ ಕಚೇರಿಯಲ್ಲೇ ನಿಂತು ಹೀಗೆ ಹೇಳಲು ಎದೆಗಾರಿಕೆ ಬೇಕು. ಬಾಮೈದರಿಗೆ ಅದು ಅಕ್ಕನ ಕಡೆಯಿಂದ ಬಂದಿತ್ತು. ಆದರೂ ನಮ್ಮ ಸಮಾಧಾನಕ್ಕೆಂದು ಒಂದು ದೊಡ್ಡ ಹೀಟರ್ ಕೂರಿಸಿಕೊಟ್ಟು, ಅದರ ಬಿಲ್ಲನ್ನು ಬೇರೆ ಕೊಟ್ಟರು. ಅಂದಿನಿಂದ ಯಂತ್ರದೊಳಗೆ ಒಂದು ಹನಿ ನೀರು ಮೇಲೇಳದಿದ್ದರೂ ರೈಲಿನ ಎಂಜಿನ್ನಿನಂತೆ ಹಬೆ ಏಳತೊಡಗಿತು. ತಟ್ಟೆಗೆ ಅಂಟಿಕೊಳ್ಳುತ್ತಿದ್ದ ಮೊಟ್ಟೆ ಈಗ ತಟ್ಟೆಯ ಭಾಗವೇ ಆಯಿತು.

ನಿರ್ದೇಶಕರು ಸಭೆ ಕರೆದರು. "ಮೆಷಿನ್ ಸರಿಯಿಲ್ಲ ಅಂದ್ರೆ ಕೊಂಡೋರು ಸರಿಯಿಲ್ಲ ಅಂತ ತಾನೇ?" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದರು. ಹಾಗೆ ಯಾರಿಗೂ ಅನಿಸಿರಲಿಲ್ಲ.

ಆಗ ಹೆಡ್ ಕ್ಲರ್ಕ್ ಎದ್ದು ನಿಂತರು. "ಸಾರ್, ಯಂತ್ರದಲ್ಲಿ ದೋಷ ಇಲ್ಲ ಅಂದ ಮೇಲೆ, ದೋಷ ತಟ್ಟೆಯಲ್ಲೇ ಇರಬೇಕು."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮಲ್ಲಿ ಆ ಮಾತು ಕೇಳಿ ನೆಲವನ್ನೇ ಅಗೆಸಿ ಹೊಸದು ಹಾಕಿಸಿದರು. ಹಳೆಯ ತಟ್ಟೆಗಳೆಲ್ಲ ಗುಜರಿಗೆ ಹೋದವು. ಬಾಮೈದರ ಅಂಗಡಿಯಿಂದ ಹೊಸವು ಬಂದವು. ವಾರ ಕಳೆಯುವುದರೊಳಗೆ ಅವೂ ಹಳೆಯವರ ಬುದ್ಧಿ ಕಲಿತವು. ಹಾಗಾದರೆ ದೋಷ ಎಲ್ಲಿ? ಉಳಿದದ್ದು ಊಟ ಒಂದೇ. ಕ್ಯಾಂಟೀನಿನ ಬಾಗಿಲಿಗೆ ಪ್ರಕಟಣೆ ಬಿತ್ತು:

"ಯಂತ್ರದ ಹಿತದೃಷ್ಟಿಯಿಂದ ಅಂಟುವ, ಜಿಡ್ಡಿನ ಹಾಗೂ ಬಣ್ಣವುಳ್ಳ ಆಹಾರವನ್ನು ಇಲ್ಲಿ ತಯಾರಿಸತಕ್ಕದ್ದಲ್ಲ. ಸಿಬ್ಬಂದಿ ವರ್ಗದವರು ಯಂತ್ರದೊಂದಿಗೆ ಸಹಕರಿಸತಕ್ಕದ್ದು."

ಮೊದಲು ಹೋದದ್ದು ಮೊಟ್ಟೆ. ಆಮೇಲೆ ಟೊಮೆಟೊ, ಅದರ ಬೆನ್ನಿಗೇ ಎಣ್ಣೆ ಸೋಕಿದ ಸಮಸ್ತವೂ. ಅನ್ನಕ್ಕೆ ಬಣ್ಣವಿಲ್ಲ, ಜಿಡ್ಡಿಲ್ಲ ಎಂದು ನಾನು ವಾದ ಮಾಡಿದೆ. ಅಗುಳು ಅಂಟುತ್ತದೆ ಎಂದು ಹೆಡ್ ಕ್ಲರ್ಕ್ ಒಂದು ಅಗುಳನ್ನು ತಮ್ಮ ಹಣೆಗೆ ಅಂಟಿಸಿಕೊಂಡು ತೋರಿಸಿದರು. ಆಲೂಗಡ್ಡೆ ಹೋದ ದಿನ ನಾನು ಕುರ್ಚಿಯಲ್ಲಿ ಕೂತಲ್ಲಿಂದ ಏಳಲೇ ಇಲ್ಲ. ಕೊನೆಗೆ ಉಳಿದದ್ದು ಬಾಳೆಹಣ್ಣು. ಅದಕ್ಕೆ ಸಿಪ್ಪೆ ಇರುವುದರಿಂದ ತಟ್ಟೆಗೆ ತಗುಲುವುದಿಲ್ಲವಂತೆ. ತಟ್ಟೆಯ ಮೇಲೆ ಬಾಳೆಹಣ್ಣು ಇಟ್ಟುಕೊಂಡು ಬಂದು, ಹಣ್ಣು ಎತ್ತಿ ತಿಂದು, ತಟ್ಟೆಯನ್ನು ಯಂತ್ರಕ್ಕೆ ಕೊಟ್ಟರೆ ಅದು ಹೊಳೆಯುತ್ತಾ ಹೊರಗೆ ಬರುತ್ತಿತ್ತು.

ನಮ್ಮ ಕ್ಯಾಂಟೀನಿಗೆ ನಾವೇ ನೂರಕ್ಕೆ ನೂರು ಅಂಕ ಕೊಟ್ಟುಕೊಂಡೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಟೈಪಿಸ್ಟ್ ಅಮ್ಮ ಮಧ್ಯಾಹ್ನದ ಮೇಲೆ ಟೈಪ್‌ರೈಟರಿನ ಕೀಲಿಗಳ ಮೇಲೆಯೇ ತಲೆಯಿಟ್ಟು ಮಲಗುತ್ತಿದ್ದರು. ಪರಿವೀಕ್ಷಕರಾದ ನಾವು ಹೋಟೆಲುಗಳಿಗೆ ಹೋದಾಗ ಪಾತ್ರೆ ಮಾತ್ರ ನೋಡಿ ತೃಪ್ತರಾಗದೆ, ಪಾತ್ರೆಯಲ್ಲಿದ್ದದ್ದನ್ನೂ ಪರೀಕ್ಷಾರ್ಥವಾಗಿ ತಿನ್ನತೊಡಗಿದೆವು. ಆ ತಿಂಗಳು ಊರಿನ ಯಾವ ಹೋಟೆಲೂ ಕೊಳಕಾಗಿರಲಿಲ್ಲ.

ಅಷ್ಟರಲ್ಲಿ ಹೆಡ್ ಕ್ಲರ್ಕ್‌ಗೆ ಇನ್ನೊಂದು ವಿಷಯ ಹೊಳೆಯಿತು. ಅಡುಗೆಯೇ ಇಲ್ಲದ ಕಡೆ ಅಡುಗೆಯವನು ಯಾಕೆ? ತಿಂಗಳ ಕೊನೆಗೆ ಸೌಟಣ್ಣನನ್ನು ಊರಾಚೆಯ ಪೊರಕೆ ಗೋದಾಮಿಗೆ, ಪೊರಕೆ ಎಣಿಸಲು ವರ್ಗ ಮಾಡುವುದೆಂದು ತೀರ್ಮಾನವಾಯಿತು. ಮತ್ತೆ ಬರುವ ಮಾತಿಲ್ಲ. ಒಲೆಯನ್ನೂ ಗುಜರಿಗೆ ಹಾಕುವುದಿತ್ತು.

ಸೌಟಣ್ಣ ಬಂದು ಕ್ಯಾಂಟೀನಿನಲ್ಲಿ ನನ್ನೆದುರು ಸ್ಟೂಲಿನ ಮೇಲೆ ಕೂತ. ಕೈಯಲ್ಲಿ ಸೌಟಿತ್ತು. ಬಾಳೆಹಣ್ಣಿಗೆ ಸೌಟು ಬೇಕಿಲ್ಲ, ಆದರೂ ಹಿಡಿದುಕೊಂಡು ಓಡಾಡುತ್ತಿದ್ದ.

"ಪೊರಕೆ ಎಣಿಸ್ಬೇಕಂತೆ ಸಾರ್. ಪೊರಕೆಗೆ ಉಪ್ಪು, ಹುಳಿ ನೋಡೋದಿದ್ರೆ ಹೇಗೋ ಹೋಗ್ತಿದ್ದೆ."

ನನ್ನ ಪಾಲಿನ ಬಾಳೆಹಣ್ಣನ್ನು ಅವನ ಮುಂದೆ ಸರಿಸಿದೆ. ಅವನ ಮೇಲಿನ ಪ್ರೀತಿಯೋ ಆಲೂಗಡ್ಡೆಯ ಮೇಲಿನದೋ ಎಂದು ಬಿಡಿಸಿ ಹೇಳಲಾರೆ. ಎರಡೂ ಒಂದೇ ಬಾಣಲೆಯಲ್ಲಿ ಬೆಂದವು. "ಏನ್ ಮಾಡೋದು ಸೌಟಣ್ಣ, ಒಲೆ ಹಚ್ಚೋ ಹಾಗಿಲ್ಲವಲ್ಲ," ಎಂದೆ.

ಅವನು ಮೂಲೆಯಲ್ಲಿ ಬುಸುಗುಡುತ್ತಿದ್ದ ಯಂತ್ರವನ್ನೇ ನೋಡುತ್ತಾ ಕೂತ. "ಒಲೆ ಹಚ್ಚಬಾರದು. ಮೆಷಿನ್ ಹಚ್ಚಬಹುದಾ ಸಾರ್?"

"ಅದನ್ನ ದಿನಾ ಹಚ್ಚಲೇಬೇಕು. ಆದೇಶ ಇದೆಯಲ್ಲ."

"ಸರಿ ಬಿಡಿ ಹಾಗಾದ್ರೆ," ಎಂದು ಎದ್ದು ಹೋದ. ಅವನ ನಡಿಗೆಯಲ್ಲಿ ಹಳೆಯ ಗತ್ತು ಬಂದಂತೆ ಕಂಡಿತು. ಹೊಟ್ಟೆ ಖಾಲಿಯಿದ್ದಾಗ ಏನೇನೋ ಕಾಣುತ್ತದೆ ಎಂದುಕೊಂಡೆ.

ಮರುದಿನವೇ ಪ್ರಧಾನ ಕಚೇರಿಯಿಂದ ದೊಡ್ಡ ಮೇಡಂ ಬಂದರು. ನೂರಕ್ಕೆ ನೂರು ಪಡೆದ ಯಂತ್ರವನ್ನು ಕಣ್ಣಾರೆ ನೋಡುವುದು, ಒಪ್ಪಿಗೆಯಾದರೆ ಎಲ್ಲ ಕಚೇರಿಗಳಿಗೂ ಒಂದೊಂದು ಕೊಡಿಸುವುದು ಅವರ ಉದ್ದೇಶ. ಬಾಮೈದರು ಹೊಸ ಅಂಗಿ ತೊಟ್ಟು ಬಂದಿದ್ದರು. ಬೆಳಿಗ್ಗೆಯಿಂದ ಪ್ರಯಾಣ ಮಾಡಿ ಬಂದ ಮೇಡಂಗೆ ನಿಯಮದಂತೆ ಒಂದು ಬಾಳೆಹಣ್ಣು ಕೊಟ್ಟು ಕೂರಿಸಿದೆವು. ಅವರು ಅದನ್ನು ತಿಂದು, ಮುಂದಿನದು ಬರಬಹುದೆಂದು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು.

ನಿರ್ದೇಶಕರು ಯಂತ್ರದ ಪಕ್ಕ ನಿಂತು ಭಾಷಣ ಶುರುಮಾಡಿದರು. ಯಂತ್ರ ಆಗಲೇ ಓಡುತ್ತಿತ್ತು. "ಶುಚಿತ್ವವೇ ನಮ್ಮ ಉಸಿರು," ಎನ್ನುವಷ್ಟರಲ್ಲಿ ಎಲ್ಲರ ಉಸಿರಿನಲ್ಲೂ ಈರುಳ್ಳಿಯ ಘಮ ಸೇರಿತು. ಅದರ ಹಿಂದೆ ಮೆಣಸು ಬಂತು. ಟೈಪಿಸ್ಟ್ ಅಮ್ಮನಿಗೆ ಪೂರ್ತಿ ಎಚ್ಚರವಾಯಿತು. ಭಾಷಣ ತನ್ನಷ್ಟಕ್ಕೆ ನಿಂತಿತು. ಮೇಡಂ ಎದ್ದು ಹೋಗಿ ತಾವೇ ಯಂತ್ರದ ಬಾಗಿಲು ತೆರೆದರು.

ದಪ್ಪ ಹಬೆ ಸರಿದ ಮೇಲೆ ನೋಡಿದರೆ ತಟ್ಟೆ ಇಡುವ ಜಾಗದಲ್ಲೆಲ್ಲ ಸ್ಟೀಲ್ ಡಬ್ಬಿಗಳು. ಸೌಟಣ್ಣ ಒಂದರ ಮುಚ್ಚಳ ತೆಗೆದ. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ ಮಿರಮಿರ ಮಿಂಚುತ್ತಿತ್ತು.

"ಏನಿದು?" ಎಂದರು ಮೇಡಂ.

ನಿರ್ದೇಶಕರು ನನ್ನ ಕಡೆ ನೋಡಿದರು. ನಾನು ಹೆಡ್ ಕ್ಲರ್ಕ್ ಕಡೆ ನೋಡಿದೆ. ಹೆಡ್ ಕ್ಲರ್ಕ್ ಚಾವಣಿಯ ಕಡೆ ನೋಡಿದರು. ಈಗ ಪೊರಕೆ ಗೋದಾಮಿಗೆ ಹೋಗುವವನು ಸೌಟಣ್ಣ ಒಬ್ಬನೇ ಅಲ್ಲ ಎಂದು ನನಗೆ ಖಾತ್ರಿಯಾಯಿತು.

"ಆಲೂಗಡ್ಡೆ ತೊಳೀತಾ ಇದ್ದೆ ಮೇಡಂ," ಎಂದ ಸೌಟಣ್ಣ.

"ಈರುಳ್ಳಿ ಜೊತೆಗಾ?"

"ಅದನ್ನೂ ತೊಳೀಬೇಕಲ್ಲ ಮೇಡಂ."

"ಮತ್ತೆ ಮೆಣಸು?"

"ಅದರಲ್ಲೇ ಮಣ್ಣು ಜಾಸ್ತಿ ಇದ್ದದ್ದು."

ಮೇಡಂ ಒಂದು ಚೂರು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಇನ್ನೊಂದು ಚೂರು ಹಾಕಿಕೊಂಡರು. ಬಾಮೈದರು ಹೊಸ ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡರು.

"ತುಂಬಾ ಚೆನ್ನಾಗಿ ತೊಳೆದಿದ್ದೀರಿ," ಎಂದರು ಮೇಡಂ. "ತಟ್ಟೆಗೆ ಹಾಕಿ, ನೋಡೋಣ."

ಆದೇಶ ಬರಲು ತಡವಾಗಲಿಲ್ಲ. ಸದರಿ ಯಂತ್ರವು ಆಹಾರ ಪದಾರ್ಥಗಳನ್ನು ಕೂಡಲೇ ತಿನ್ನಬಹುದಾದಷ್ಟರ ಮಟ್ಟಿಗೆ ತೊಳೆಯುತ್ತದೆ ಎಂದು ದೃಢಪಟ್ಟಿರುವುದರಿಂದ ಎಲ್ಲ ಕಚೇರಿಗಳಿಗೂ ಮಂಜೂರಾಗಿದೆ. ಹೆಚ್ಚಿನ ಸಾಮರ್ಥ್ಯ ಬೆಳಕಿಗೆ ಬಂದದ್ದರಿಂದ ಬಾಮೈದರು ಬೆಲೆಯನ್ನೂ ಹೆಚ್ಚಿಸಿದ್ದಾರೆ. ತೂತುಗಳು ಬಿಟ್ಟುಕೊಂಡು ನೀರು ಚಿಮ್ಮಿದರೆ ಊಟ ಹಾಳಾಗುವುದರಿಂದ, ಕ್ಯಾಂಟೀನಿನೊಳಗೆ ಸೂಜಿ ತರುವುದನ್ನು ನಿಷೇಧಿಸಲಾಗಿದೆ. ಸೌಟಣ್ಣನ ವರ್ಗ ರದ್ದಾಗಿ, ಅವನೀಗ ಮುಖ್ಯ ತೊಳೆಯುವಿಕೆ ಅಧಿಕಾರಿ. ಗೋದಾಮಿನ ಪೊರಕೆಗಳನ್ನು ಯಾರೂ ಎಣಿಸಿಲ್ಲ. ಅವುಗಳ ಕಡೆಯಿಂದ ದೂರೂ ಬಂದಿಲ್ಲ.

ಅಡುಗೆಯ ಮೇಲಿನ ನಿಷೇಧ ಹಾಗೆಯೇ ಇದೆ. ನಮ್ಮಲ್ಲಿ ಅಡುಗೆ ನಡೆಯುವುದಿಲ್ಲ, ತೊಳೆಯುವಿಕೆ ನಡೆಯುತ್ತದೆ. ಅಳಿಯ ಅಲ್ಲ, ಮಗಳ ಗಂಡ. ಹಬೆಯಲ್ಲಿ ಈರುಳ್ಳಿ ಕೆಂಪಗಾಗುವುದಿಲ್ಲ ಎಂಬುದೊಂದೇ ನನ್ನ ಕೊರಗು. ಅದಕ್ಕಾಗಿ ಇನ್ನೂ ದೊಡ್ಡ ಹೀಟರಿಗೆ ಹೇಳಲಾಗಿದೆ. ತಟ್ಟೆಗಳ ವಿಷಯ ಯಾರೂ ಎತ್ತುವುದಿಲ್ಲ. ಉಂಡವರು ತಮ್ಮ ತಮ್ಮ ತಟ್ಟೆಯನ್ನು ನಲ್ಲಿಯಡಿ ಹಿಡಿದು ಉಜ್ಜಿ ಇಡುತ್ತಾರೆ. ಕಡತಗಳಲ್ಲಿ ಇದಕ್ಕೆ ಸ್ವಯಂ ಪರಿಶೀಲನೆ ಎಂದು ಹೆಸರು. ತಟ್ಟೆಗಳು ಎಷ್ಟು ಹೊಳೆಯುತ್ತವೆಂದರೆ ನಿರ್ದೇಶಕರು ಮತ್ತೆ ಅವುಗಳಲ್ಲಿ ಮೀಸೆ ತಿದ್ದಿಕೊಳ್ಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ.

ಮಧ್ಯಾಹ್ನವಾಗುತ್ತಿದ್ದಂತೆ ಅವರೇ ಎಲ್ಲರಿಗಿಂತ ಮೊದಲು ಕ್ಯಾಂಟೀನಿಗೆ ಇಣುಕುತ್ತಾರೆ.

"ಇವತ್ತು ಏನು ತೊಳೆದಿದ್ದೀಯ ಸೌಟಣ್ಣ?"

"ಬದನೆಕಾಯಿ ಸಾರ್. ಸ್ವಲ್ಪ ತಾಳಿ, ಪೂರ್ತಿ ಕೊಳೆ ಹೋಗಿಲ್ಲ, ಇನ್ನೊಂದು ಕುದಿ ಬರ್ಲಿ."

ನಿರ್ದೇಶಕರು ತಲೆಯಾಡಿಸಿ, ಖಾಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಹಿಂದೆ ನಾನು ನಿಲ್ಲುತ್ತೇನೆ.